ಮೊಟ್ಟೆಯಿಲ್ಲದ ಡ್ರೆಸ್ಸಿಂಗ್

ಭಾನುವಾರ ಸಂಜೆ ನಾಲ್ಕು ಗಂಟೆಗೆ ಅಶ್ವಥ್ ಫೋನ್ ಮಾಡಿದಾಗ ಅಂಬ್ರೀನ್ ಮಹಡಿಯ ಮೇಲೆ ಒಣಗಿದ ಬಟ್ಟೆ ಮಡಚುತ್ತಿದ್ದಳು. ಅಶ್ವಥ್ ತುಮಕೂರಿನ ಅಡುಗೆ ಕಾಂಟ್ರಾಕ್ಟರ್. ಅವತ್ತು ಕುಣಿಗಲ್‌ನ ಛತ್ರವೊಂದರಲ್ಲಿ ಅವನದೊಂದು ಸೀಮಂತದ ಊಟವಿತ್ತು. ಅಲ್ಲಿನ ಕೋಲ್‌ಸ್ಲಾ ಎಂಬ ಹಸಿ ಎಲೆಕೋಸಿನ ಸಲಾಡಿಗೆ ಕಲೆಸುವ ಡ್ರೆಸ್ಸಿಂಗನ್ನು ಅಂಬ್ರೀನ್ ಗುಬ್ಬಿಯ ತನ್ನ ಮನೆಯಲ್ಲೇ ಮಾಡಿ, ಬೆಳಿಗ್ಗೆ ಆರಕ್ಕೆ ಅವನ ವ್ಯಾನಿಗೆ ಹಾಕಿ ಕಳಿಸಿದ್ದಳು. ಊಟ ಚೆನ್ನಾಗಾಯಿತು ಎಂದು ಹೇಳಲು ಮಾಡಿರಬೇಕು ಅಂದುಕೊಂಡು ಫೋನ್ ಎತ್ತಿದಳು.

"ನಿಮ್ಮ ಡ್ರೆಸ್ಸಿಂಗ್‌ನಲ್ಲಿ ಮೊಟ್ಟೆ ಇತ್ತಂತೆ," ಎಂದ ಅಶ್ವಥ್. "ಮೊಟ್ಟೆ ಮುಟ್ಟದ ಜನ ಅವ್ರು. ನನ್ನ ಮರ್ಯಾದೆ ತೆಗೆದ್ಬಿಟ್ರಿ."

ಅಂಬ್ರೀನ್‌ಗೆ ಮೊದಲು ಅರ್ಥವೇ ಆಗಲಿಲ್ಲ. ಮೊಸರು, ಸಾಸಿವೆ, ನಿಂಬೆಹಣ್ಣು, ಮೆಣಸು, ಚೂರು ಸಕ್ಕರೆ, ಒಂದಿಷ್ಟು ಎಣ್ಣೆ, ಇಷ್ಟು ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ ಎಂದು ಒಂದೊಂದಾಗಿ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಳ್ಳಲಿಲ್ಲ.

"ನಿಮ್ಮನೇಲಿ ಎಲ್ಲಕ್ಕೂ ಒಂದೇ ಪಾತ್ರೆ ಅಲ್ವಾ. ನಿಮಗೆಲ್ಲಿ ಗೊತ್ತಾಗುತ್ತೆ ಬಿಡಿ," ಎಂದು ಫೋನ್ ಇಟ್ಟುಬಿಟ್ಟ.

ಅವಳು ಕೈಯಲ್ಲಿದ್ದ ಟವೆಲ್ಲನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಮೈಯೆಲ್ಲ ಬಿಸಿಯೇರಿತ್ತು.

ಆ ಡ್ರೆಸ್ಸಿಂಗನ್ನು ಅವಳು ಮೊದಲು ಮಾಡಿದ್ದು ವ್ಯಾಪಾರಕ್ಕಲ್ಲ, ಅಪ್ಪನಿಗಾಗಿ. ಏಜಾಜ್ ಅಹಮದ್‌ರಿಗೆ ಎರಡು ವರ್ಷದ ಹಿಂದೆ ಹೃದಯದ ಆಪರೇಷನ್ ಆಗಿತ್ತು. ಕರಿದ ಚಿಕನ್ನೂ ಬೇಡ, ಅದರ ಜೊತೆ ಕೊಡುವ ಮಯೊನೀಸ್ ಹಾಕಿದ ಎಲೆಕೋಸಂತೂ ಬೇಡವೇ ಬೇಡ ಎಂದು ತುಮಕೂರಿನ ಡಾಕ್ಟರು ಹೇಳಿದ್ದರು. ಚಿಕನ್ನನ್ನು ಅವರು ಒಂದೇ ದಿನಕ್ಕೆ ಬಿಟ್ಟರು. ಕೋಸನ್ನು ಬಿಡಲಾಗಲಿಲ್ಲ. ಮಗಳು ಮೊಸರಿನಲ್ಲಿ ಮಾಡಿಕೊಡಲು ಹೊರಟಳು. ಮೊದಲ ಸಲ ಎಲ್ಲ ನೀರು ನೀರಾಗಿ ಮಜ್ಜಿಗೆಯಲ್ಲಿ ಕೋಸು ತೇಲಿದಂತಾಯಿತು. ಎರಡನೇ ಸಲ ಹುಳಿ ಜಾಸ್ತಿ. ಆಮೇಲೆ ಒಂದೊಂದೇ ಗೊತ್ತಾಗುತ್ತಾ ಬಂತು. ಸಿಹಿ ಮೊಸರನ್ನು ತೆಳ್ಳನೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ನೀರಿಳಿಸಬೇಕು. ಹೆಚ್ಚಿದ ಕೋಸಿಗೆ ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು ಹಿಂಡಬೇಕು. ಸಾಸಿವೆಯನ್ನು ನಿಂಬೆರಸದಲ್ಲಿ ನೆನೆಸಿ ಅರೆದರೆ ಮೂಗಿಗೆ ಹತ್ತುವ ಘಾಟು ಬರುತ್ತದೆ, ಆಗ ಬೆಣ್ಣೆಯಂಥ ಮಯೊನೀಸ್ ಇಲ್ಲದ ಕೊರತೆ ನಾಲಿಗೆಗೆ ಕಾಣುವುದಿಲ್ಲ. ಏಜಾಜ್ ಅಹಮದ್ ಒಂದು ಬಟ್ಟಲು ಖಾಲಿ ಮಾಡಿ, ಇದು ಅದಲ್ಲ, ಆದರೆ ಇದೇ ಇರಲಿ ಎಂದಿದ್ದರು.

ಅಲ್ಲಿಂದ ಅದು ಅಕ್ಕಪಕ್ಕದ ಮನೆಗೆ ಹೋಯಿತು, ತುಮಕೂರಿನಲ್ಲಿ ಅಂಜನಮೂರ್ತಿಯವರ ಬೇಕರಿಗೆ ಹೋಯಿತು. ಬೇಕರಿಯಲ್ಲಿ ರುಚಿ ನೋಡಿದ ಅಶ್ವಥ್ ತನ್ನ ಊಟಗಳಿಗೂ ಕೇಳಿದ. ಸಸ್ಯಾಹಾರಿಗಳ ಮನೆಗೆ ಹೋಗುವ ಪದಾರ್ಥವೆಂದು ಅಂಬ್ರೀನ್ ಹೊಸ ಸ್ಟೀಲ್ ಪಾತ್ರೆ, ಬೇರೆ ಮಿಕ್ಸಿ ಜಾರು, ಬೇರೆ ಚಾಕು ಕೊಂಡಳು. ಮುಂದಿನ ಕೋಣೆಯ ಕಪಾಟಿನಲ್ಲಿಟ್ಟು ಅಡುಗೆಮನೆಗೆ ಅವು ಕಾಲಿಡದಂತೆ ನೋಡಿಕೊಂಡಳು. ಯಾರೂ ಹೇಳಿರಲಿಲ್ಲ, ತಾನಾಗಿಯೇ ಮಾಡಿದ್ದಳು. ಅತ್ತೆ ಹಜರಾ ಬೀ ಒಮ್ಮೆ ಆ ಚಾಕುವಿನಲ್ಲಿ ಈರುಳ್ಳಿ ಹೆಚ್ಚಲು ಹೋಗಿ ಸೊಸೆಯಿಂದ ಬೈಸಿಕೊಂಡಿದ್ದರು. ಅದಕ್ಕೇ ಪಾತ್ರೆಯ ಮಾತು ಅವಳಿಗೆ ಅಷ್ಟು ನಾಟಿತು.

ಇನ್ನೊಂದು ವಿಷಯವೂ ಇತ್ತು. ಸೀಮಂತದ ಹುಡುಗಿ ಶಶಿಕಲಾ ಹದಿನೈದು ದಿನದ ಹಿಂದೆ ಅಶ್ವಥ್‌ನಿಂದ ನಂಬರ್ ಪಡೆದು ತಾನೇ ಅಂಬ್ರೀನ್‌ಗೆ ಫೋನ್ ಮಾಡಿದ್ದಳು. ಬಸುರಿಯಾದಾಗಿನಿಂದ ಕೋಲ್‌ಸ್ಲಾ ತಿನ್ನುವ ಆಸೆ, ಆದರೆ ಮಯೊನೀಸ್‌ನಲ್ಲಿ ಹಸಿ ಮೊಟ್ಟೆ ಇರಬಹುದೆಂದು ಡಾಕ್ಟರು ಬೇಡವೆಂದಿದ್ದಾರೆ, ನಿಮ್ಮದನ್ನು ತಿನ್ನಬಹುದಾ ಎಂದು ಕೇಳಿದ್ದಳು. ಧೈರ್ಯವಾಗಿ ತಿನ್ನಿ ಎಂದು ಅಂಬ್ರೀನ್ ಮಾತು ಕೊಟ್ಟಿದ್ದಳು.

ಸೋಮವಾರ ಬೆಳಿಗ್ಗೆ ಅಂಜನಮೂರ್ತಿ ಒಂದು ವಾಯ್ಸ್ ಮೆಸೇಜ್ ಕಳಿಸಿದರು. ಅದು ಎಷ್ಟು ಫೋನ್ ದಾಟಿ ಅವರಿಗೆ ಬಂದದ್ದೋ. ಮಾತಾಡುತ್ತಿದ್ದವರು ಶಶಿಕಲಾಳ ತಂದೆ ಏಕಾಂತಯ್ಯ, ರಿಟೈರ್ಡ್ ಹೆಡ್‌ಮಾಸ್ಟರ್. ನಿಧಾನವಾದ, ಪಾಠ ಹೇಳುವಂಥ ದನಿ. ಗುಬ್ಬಿಯ ಸಾಬರ ಮನೆಯಿಂದ ತರಿಸಿದ ಪದಾರ್ಥದಿಂದ ತಮ್ಮ ಮನೆಯ ಶುಭಕಾರ್ಯ ಕೆಟ್ಟಿತು, ನೆಂಟರ ಹೊಟ್ಟೆಗೆ ಮೊಟ್ಟೆ ಹೋಯಿತು, ಇನ್ನು ಮುಂದೆ ಎಲ್ಲರೂ ಯಾರ ಕೈಯಿಂದ ಏನು ತರಿಸುತ್ತೇವೆಂದು ನೋಡಿಕೊಳ್ಳಬೇಕು ಎಂದು ಅವರು ತಮ್ಮ ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಹೇಳಿದ್ದರು. ಒಂದು ತಿಂಗಳು ಡ್ರೆಸ್ಸಿಂಗ್ ಬಾಟಲಿ ಕಳಿಸಬೇಡಿ, ಗಿರಾಕಿಗಳು ಕೇಳುತ್ತಾರೆ ಎಂದು ಅಂಜನಮೂರ್ತಿ ಕೆಳಗೆ ಬರೆದಿದ್ದರು.

ಅಂಬ್ರೀನ್ ಅದನ್ನು ನಾಲ್ಕು ಸಲ ಕೇಳಿದಳು. ಗಂಡ ನಾಸಿರ್ ಮೋಟಾರು ರಿವೈಂಡಿಂಗ್ ಅಂಗಡಿಯವನು, ಜಗಳವೆಂದರೆ ದೂರ. ಬಿಟ್ಟುಬಿಡು, ನಾಲ್ಕು ದಿನಕ್ಕೆ ಮರೆಯುತ್ತಾರೆ ಎಂದ. ಅವರು ಮರೆತರೆ ಸುಳ್ಳು ಹೋಗಿ ನಿಜ ಆಗುತ್ತದಾ ಎಂದು ಅವಳು ಕೇಳಿದಳು. ಹಜರಾ ಬೀ ಮಾತ್ರ ಕುಣಿಗಲ್‌ಗೆ ಹೋಗಿ ಬಾ ಎಂದರು. ಆದರೆ ಅಲ್ಲಿ ಕೂಗಾಡಬೇಡ, ಕೂಗಾಡಿದರೆ ನಿನ್ನ ಕೂಗಾಟವೇ ಸುದ್ದಿಯಾಗುತ್ತದೆ, ಮೊಟ್ಟೆಯ ವಿಷಯ ಮೂಲೆಗೆ ಬೀಳುತ್ತದೆ ಎಂದರು.

ಮಂಗಳವಾರ ಅವಳು ಕಪಾಟಿನ ಪಾತ್ರೆಗಳನ್ನು ಒಂದು ಬ್ಯಾಗಿಗೆ ತುಂಬಿ, ನೀರಿಳಿಸಿದ ಮೊಸರು, ಒಂದು ಎಲೆಕೋಸು, ಎರಡು ಕ್ಯಾರೆಟ್, ಅರೆದ ಸಾಸಿವೆ, ನಿಂಬೆಹಣ್ಣು, ಉಪ್ಪು, ಮೆಣಸು ಇಟ್ಟುಕೊಂಡು ಬಸ್ಸು ಹತ್ತಿದಳು. ತುಮಕೂರಿನಲ್ಲಿ ಇಳಿದು ಕುಣಿಗಲ್ ಬಸ್ಸು ಹಿಡಿದಳು. ಹೆಬ್ಬೂರು ದಾಟುವವರೆಗೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದಳು. ಜೋಡಿಸಿದಷ್ಟೂ ಮಾತು ಬೈಗುಳವಾಗುತ್ತಿತ್ತು. ಕೊನೆಗೆ ಜೋಡಿಸುವುದನ್ನೇ ನಿಲ್ಲಿಸಿದಳು.

ಏಕಾಂತಯ್ಯನವರ ಮನೆ ಕುಣಿಗಲ್ ಬಸ್‌ಸ್ಟ್ಯಾಂಡಿನಿಂದ ನಡೆದುಹೋಗುವಷ್ಟೇ ದೂರ. ಬಾಗಿಲು ತೆಗೆದದ್ದು ಅವರ ಹೆಂಡತಿ ಶಿವರುದ್ರಮ್ಮ. ಅಂಬ್ರೀನ್ ತಾನು ಯಾರೆಂದು ಹೇಳಿದ ಕೂಡಲೇ ಅವರ ಮುಖ ಬಿಳುಚಿತು. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ ಏಕಾಂತಯ್ಯ ಒಂದು ಸಲ ನೋಡಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು.

"ನಾನು ಒಳಗೆ ಬರಲ್ಲಮ್ಮ," ಎಂದಳು ಅಂಬ್ರೀನ್. "ಇಲ್ಲೇ ಜಗಲಿ ಮೇಲೆ ಕೂತ್ಕೊಂಡು ಮಾಡ್ತೀನಿ. ನೀವು ನೋಡಿ. ನೋಡಿದ್ಮೇಲೆ ನಿಮ್ಮ ಬಾಯಿಗೆ ಬಂದಿದ್ದು ಹೇಳಿ."

ಅವಳು ಕೂತು ಕೋಸನ್ನು ಸಣ್ಣಗೆ ಹೆಚ್ಚತೊಡಗಿದಳು. ಕೋಪಕ್ಕೆ ಒಂದು ಕಡೆ ಎಳೆ ಸಣ್ಣದಾಯಿತು, ಇನ್ನೊಂದು ಕಡೆ ದಪ್ಪ. ಉಪ್ಪು ಸವರಿ ಬಿಟ್ಟಳು. ಅರ್ಧ ಗಂಟೆ ಕಾಯಬೇಕಿತ್ತು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿ ಹೋದರು. ಶಿವರುದ್ರಮ್ಮ ಬಾಗಿಲಿಗೆ ಒರಗಿ ನಿಂತೇ ಇದ್ದರು. ಸದ್ದು ಕೇಳಿ ಶಶಿಕಲಾ ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಹೊರಬಂದು, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತಳು.

ಮೊಸರಿಗೆ ಸಾಸಿವೆ, ನಿಂಬೆರಸ, ಮೆಣಸು ಹಾಕಿ ಕಲೆಸುತ್ತಾ ಅಂಬ್ರೀನ್ ಅವಳನ್ನು ಕೇಳಿದಳು, ಅವತ್ತು ತಿಂದರಾ ಎಂದು. ಎರಡು ಸಲ ಹಾಕಿಸಿಕೊಂಡೆ ಎಂದಳು ಶಶಿಕಲಾ. ಮೈಗೆ ಏನೂ ಆಗಲಿಲ್ಲ, ಆದರೆ ಮೊಟ್ಟೆಯ ಮಾತು ಕೇಳಿದ ಮೇಲೆ ಎರಡು ದಿನ ನಿದ್ದೆ ಬರಲಿಲ್ಲ ಎಂದಳು. ಅಂಬ್ರೀನ್ ಹಿಂಡಿದ ಕೋಸನ್ನು ಸೇರಿಸಿ ಒಂದು ಬಟ್ಟಲಿಗೆ ಹಾಕಿ ಕೊಟ್ಟಳು. ಶಿವರುದ್ರಮ್ಮ ಬೇಡವೆನ್ನುವಂತೆ ಕೈಯೆತ್ತುವಷ್ಟರಲ್ಲಿ ಶಶಿಕಲಾ ಒಂದು ಚಮಚ ಬಾಯಿಗಿಟ್ಟಾಗಿತ್ತು.

"ಇದಲ್ಲಮ್ಮ ಅವತ್ತು ಬಡಿಸಿದ್ದು," ಎಂದಳು ಅವಳು ತಾಯಿಯ ಕಡೆ ತಿರುಗಿ. "ಅದು ಗಟ್ಟಿಗೆ, ಜಿಡ್ಡು ಜಿಡ್ಡಾಗಿತ್ತು. ಈ ಸಾಸಿವೆ ಘಾಟೇ ಇರ್ಲಿಲ್ಲ ಅದ್ರಲ್ಲಿ."

ಊಟಕ್ಕೆ ಎಷ್ಟು ಜನ ಬಂದಿದ್ದರು ಎಂದು ಅಂಬ್ರೀನ್ ಕೇಳಿದಳು. ಮುನ್ನೂರಕ್ಕೂ ಮೇಲೆ ಎಂದಳು ಶಶಿಕಲಾ. ಅಶ್ವಥ್ ತನಗೆ ಹೇಳಿದ್ದು ನೂರೈವತ್ತು ಜನ, ತಾನು ಕಳಿಸಿದ್ದು ಅಷ್ಟಕ್ಕೇ ಎಂದು ಅಂಬ್ರೀನ್ ಹೇಳಿದಳು. ಮಿಕ್ಕ ನೂರೈವತ್ತು ಜನರ ಎಲೆಗೆ ಬಿದ್ದದ್ದು ಎಲ್ಲಿಂದ ಬಂತು ಎಂದು ಕೇಳಿದಳು.

ಒಳಗೆ ಪೇಪರ್ ಮಡಚಿದ ಸದ್ದಾಯಿತು. ಏಕಾಂತಯ್ಯ ಎದ್ದು ಬಾಗಿಲಿಗೆ ಬಂದರು. ಅವರನ್ನು ಕಂಡದ್ದೇ ಶಿವರುದ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊಸಿಲ ಮೇಲೇ ಕುಸಿದು ಕೂತರು.

"ನಂಗೆ ಗೊತ್ತಿತ್ತು ಕಣಮ್ಮ," ಎಂದರು ಶಿವರುದ್ರಮ್ಮ, ಯಾರ ಮುಖವನ್ನೂ ನೋಡದೆ. "ಕೈ ತೊಳೆಯೋ ಜಾಗದಲ್ಲಿ ಮಯೊನೀಸ್ ಪ್ಯಾಕೆಟ್ ಬಿದ್ದಿತ್ತು. ಮೇಲೆ ಮಾಂಸಾಹಾರದ ಕಂದು ಗುರುತಿತ್ತು. ನಾನೇ ಕಸದ ಡಬ್ಬದ ತಳಕ್ಕೆ ತಳ್ಳಿದೆ."

ಅಶ್ವಥ್ ಶಿವರುದ್ರಮ್ಮನವರ ಅಣ್ಣನ ಮಗ. ಜನ ಜಾಸ್ತಿಯಾಗಿ ಡ್ರೆಸ್ಸಿಂಗ್ ಸಾಲದೆ ಹೋದಾಗ ಅವನು ಪಕ್ಕದ ಚಿಕನ್ ಅಂಗಡಿಗೆ ಆಳು ಓಡಿಸಿ ಮಯೊನೀಸ್ ತರಿಸಿ ಬೆರೆಸಿದ್ದ. ನೆಂಟರೊಬ್ಬರು ರುಚಿ ಗುರುತು ಹಿಡಿದು ಗಲಾಟೆ ಎಬ್ಬಿಸಿದಾಗ, ಅತ್ತೆಯ ಮುಂದೆ ಕೈಮುಗಿದು, ನನ್ನ ಹೆಸರು ಕೆಟ್ಟರೆ ಬದುಕು ಮುಗಿಯಿತು, ಆ ಹೆಂಗಸಿನ ಮೇಲೆ ಹಾಕಿದರೆ ಯಾರೂ ಕೇಳುವುದಿಲ್ಲ ಎಂದಿದ್ದ. ಶಿವರುದ್ರಮ್ಮ ಹೂಂ ಎಂದಿರಲಿಲ್ಲ, ಉಹೂಂ ಎಂದೂ ಇರಲಿಲ್ಲ.

ಅಂಬ್ರೀನ್ ಇಲ್ಲಿಯವರೆಗೆ ಕೋಪವನ್ನೆಲ್ಲ ಅಶ್ವಥ್‌ನ ಮೇಲೆ ಇಟ್ಟುಕೊಂಡು ಬಂದಿದ್ದಳು. ಈಗ ಎದುರಿಗೆ ಕೂತು ಅಳುತ್ತಿದ್ದ ಈ ಹಿರಿಯ ಹೆಂಗಸಿನ ಮೇಲೆ ಅದಕ್ಕಿಂತ ಹೆಚ್ಚು ಕೋಪ ಬಂತು. ಅವನು ಹೆದರಿ ಸುಳ್ಳು ಹೇಳಿದ. ಇವರು ನಿಜವನ್ನು ಕೈಯಲ್ಲಿ ಹಿಡಿದು, ನೋಡಿ, ಕಸದಲ್ಲಿ ಹೂತರು.

"ನಿಮ್ಮ ಮಗಳೂ ಅದನ್ನೇ ತಿಂದ್ರು," ಎಂದಳು. ದನಿ ಏರಲಿಲ್ಲ, ಆದರೆ ಪ್ರತಿ ಮಾತೂ ಹಲ್ಲಿನ ನಡುವಿನಿಂದ ಬರುತ್ತಿತ್ತು. "ಹೊಟ್ಟೇಲಿ ಮಗು ಇಟ್ಕೊಂಡು ಹಸಿ ಮೊಟ್ಟೆ ತಿಂದವ್ರೆ ಅಂತ ಗೊತ್ತಿದ್ದೂ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಲಿಲ್ಲ ನೀವು. ಅಣ್ಣನ ಮಗನ ಮರ್ಯಾದೆ ನೋಡಿದ್ರಿ. ನನ್ನ ಬುಡಿ, ನಾನ್ಯಾರೋ."

ಶಶಿಕಲಾ ತಾಯಿಯನ್ನು ನೋಡಿದ ನೋಟವನ್ನು ಅಂಬ್ರೀನ್‌ಗೆ ನೋಡಲಾಗಲಿಲ್ಲ.

ಏಕಾಂತಯ್ಯ ಗಂಟಲು ಸರಿಮಾಡಿಕೊಂಡರು. ಆದದ್ದು ಆಯಿತು, ತಾವು ಅಶ್ವಥ್‌ನನ್ನು ಕರೆದು ಬುದ್ಧಿ ಹೇಳುತ್ತೇವೆ, ಇದನ್ನು ಇಲ್ಲಿಗೇ ಮುಗಿಸೋಣ ಎಂದರು. ಗ್ರೂಪಿನಲ್ಲಿ ಹೇಳಿದ ಮಾತನ್ನು ಗ್ರೂಪಿನಲ್ಲೇ ತಿದ್ದಿ ಎಂದು ಅಂಬ್ರೀನ್ ಕೇಳಿದಳು. ಅವರು ಆಗದೆಂದು ತಲೆಯಾಡಿಸಿದರು.

"ಮನೆ ಮಾತನ್ನ ಬೀದಿಗೆ ತರೋಕಾಗಲ್ಲಮ್ಮ. ಅವ್ನು ನಮ್ಮ ಹುಡುಗ."

"ನನ್ನ ಮನೆ ಪಾತ್ರೆ ವಿಷ್ಯ ಬೀದಿಗೆ ತಂದಿದ್ದು ನೀವು," ಎಂದಳು ಅಂಬ್ರೀನ್. "ನೀವು ಮೇಷ್ಟ್ರು. ಹುಡುಗ್ರು ತಪ್ಪು ಬರೆದ್ರೆ ಅಲ್ಲೇ ಹೊಡೆದುಹಾಕಿ ತಿದ್ದಿಸ್ತಿದ್ರಿ. ನಿಮ್ಮ ತಪ್ಪು ಮಾತ್ರ ಹಂಗೇ ಇರ್ಬೇಕಾ?"

ಏಕಾಂತಯ್ಯನವರ ಮುಖ ಕೆಂಪಾಯಿತು. ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು. ಇಷ್ಟೇ ಇದರ ಗತಿ ಎಂದುಕೊಂಡು ಅಂಬ್ರೀನ್ ಪಾತ್ರೆಗಳನ್ನು ಬ್ಯಾಗಿಗೆ ಹಾಕತೊಡಗಿದಳು. ಅಷ್ಟರಲ್ಲಿ ಶಶಿಕಲಾ ತನ್ನ ಫೋನ್ ತೆಗೆದು ಬಾಯಿಯ ಹತ್ತಿರ ಹಿಡಿದಳು. ಶಿವರುದ್ರಮ್ಮ ಬೇಡ ಕಣೇ, ನಿಮ್ಮ ಮಾವನ ಮನೆಯವರೂ ಬಳಗದ ಗ್ರೂಪಿನಲ್ಲಿದ್ದಾರೆ ಎಂದು ಕೈ ಹಿಡಿದರು. ಅವಳು ಕೈ ಬಿಡಿಸಿಕೊಂಡಳು. ಸೀಮಂತದ ಊಟಕ್ಕೆ ಮೊಟ್ಟೆಯ ಮಯೊನೀಸ್ ಬೆರೆಸಿದವನು ಅಶ್ವಥ್, ಅದು ತನ್ನ ಮನೆಯಲ್ಲೇ ಗೊತ್ತಿತ್ತು, ಗುಬ್ಬಿಯ ಅಂಬ್ರೀನ್ ಅವರದ್ದೇನೂ ತಪ್ಪಿಲ್ಲ, ಅಪ್ಪ ಹೇಳಿದ ಮಾತಿಗೆ ತಾನು ಅವರಲ್ಲಿ ಕ್ಷಮೆ ಕೇಳುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿ ಕಳಿಸಿಬಿಟ್ಟಳು. ಒಳಗಿನ ಕೋಣೆಯಲ್ಲಿ ಏಕಾಂತಯ್ಯನವರ ಫೋನ್ ಟಿಣ್ ಎಂದದ್ದು ಜಗಲಿಗೂ ಕೇಳಿಸಿತು. ಆ ಬಾಗಿಲು ಮಾತ್ರ ತೆರೆಯಲಿಲ್ಲ.

ಅಂಬ್ರೀನ್ ಹೊರಟಾಗ ಶಿವರುದ್ರಮ್ಮ ಚಪ್ಪಲಿಯನ್ನೂ ಹಾಕಿಕೊಳ್ಳದೆ ರಸ್ತೆಯ ತಿರುವಿನವರೆಗೆ ಹಿಂದೆಯೇ ಬಂದರು. ನನ್ನನ್ನು ಕ್ಷಮಿಸಿಬಿಡು ಎಂದು ಕೇಳಿದರು. ಅಂಬ್ರೀನ್ ನಿಂತು ತಿರುಗಿದಳು.

"ಈಗ ಹೂಂ ಅಂದ್ರೆ ಸುಳ್ಳಾಗುತ್ತಮ್ಮ. ನಂಗಿನ್ನೂ ಕೋಪ ಇದೆ. ಮಗಳನ್ನ ಇವತ್ತೇ ಡಾಕ್ಟ್ರಿಗೆ ತೋರಿಸಿ, ಮೊದ್ಲು ಆ ಕೆಲ್ಸ ಮಾಡಿ," ಎಂದು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಮಗು ಚೆನ್ನಾಗಿದೆಯಂತೆ ಎಂದು ಶಶಿಕಲಾ ಅದೇ ಸಂಜೆ ಮೆಸೇಜ್ ಹಾಕಿದಳು. ವಾರದೊಳಗೆ ಅಂಜನಮೂರ್ತಿ ತಾವಾಗಿಯೇ ಫೋನ್ ಮಾಡಿ ಬಾಟಲಿ ಕಳಿಸಿ ಎಂದರು. ಒಂದು ಮಾತು ನನ್ನನ್ನು ಕೇಳದೆ ನಿಲ್ಲಿಸಿದ್ದಿರಲ್ಲ ಎಂದು ಅಂಬ್ರೀನ್ ಕೇಳಿದಾಗ ಅವರು ನಾಚಿಕೊಂಡರು. ಅವಳು ಕಳಿಸಿದಳು, ಆದರೆ ಮೊದಲಿನಂತೆ ಅವರ ಜೊತೆ ಹರಟಲಿಲ್ಲ. ಅಶ್ವಥ್ ಮೂರು ಸಲ ಫೋನ್ ಮಾಡಿದ. ಮೂರನೇ ಸಲ ಎತ್ತಿ, ನಿನ್ನ ಒಲೆಯ ಹತ್ತಿರಕ್ಕೆ ಇನ್ನು ನನ್ನ ಪದಾರ್ಥ ಬರುವುದಿಲ್ಲ ಎಂದಷ್ಟೇ ಹೇಳಿ ಇಟ್ಟಳು.

ಏಕಾಂತಯ್ಯನವರ ಹಳೆಯ ಮೆಸೇಜು ಮಾತ್ರ ಇನ್ನೂ ಅಲ್ಲಲ್ಲಿ ತಿರುಗುತ್ತಿದೆ. ಹೋದ ತಿಂಗಳು ನಿಟ್ಟೂರಿನ ಒಬ್ಬರು ಅದನ್ನು ಕೇಳಿ, ಇದು ನೀವೇನಾ ಎಂದು ಅಂಬ್ರೀನ್‌ಗೆ ಫೋನ್ ಮಾಡಿ ವಿಚಾರಿಸಿದರು. ಅವಳು ಹೌದು ಎಂದಳು. ನಡೆದದ್ದನ್ನೆಲ್ಲ ಮೊದಲಿನಿಂದ, ಹೆಸರು ಹೇಳಿ, ಒಂದನ್ನೂ ಬಿಡದೆ ಅವರಿಗೆ ತಿಳಿಸಿದಳು. ಹೇಳಿ ಮುಗಿಸುವಷ್ಟರಲ್ಲಿ ಅವಳ ಮೈ ಅವತ್ತಿನ ಹಾಗೆಯೇ ಬಿಸಿಯಾಗಿತ್ತು.