ಕುಕ್ಕರಿನ ಸೀಟಿ ಇಲ್ಲದ ರಜೆ

ಅಲೆವೂರಿನ ಪ್ರಖ್ಯಾತ್ ಅಲೆವೂರಿನಲ್ಲಿ ಮಾತ್ರ ಪ್ರಖ್ಯಾತನಾಗಿದ್ದ, ಅದೂ ಬೇರೆಯವರ ಸ್ವರದಲ್ಲಿ. ಸಿಟಿ ಬಸ್ಸಿನ ಕಂಡಕ್ಟರು, ಆಸ್ಪತ್ರೆಯ ಲಿಫ್ಟಿನೊಳಗೆ ಮಾತಾಡುವ ಹೆಂಗಸು, ಕಾಲೇಜಿನ ಪ್ರಾಂಶುಪಾಲರು, ಯಾರ ಗಂಟಲು ಬೇಕೋ ಆ ಗಂಟಲು ಅವನಲ್ಲಿತ್ತು. ಬಿ.ಕಾಂ. ಎಂದರೆ ಇಂಗ್ಲಿಷಿನಲ್ಲಿ ‘ಸುಮ್ಮನಿರು’ ಎಂದು ಅರ್ಥ ಅಂತ ಅವನೇ ಹೇಳುತ್ತಿದ್ದ. ಉಡುಪಿಯಲ್ಲಿ ಎರಡು ವರ್ಷ ಅದನ್ನೇ ಓದಿಯೂ ಸುಮ್ಮನಿರುವುದು ಮಾತ್ರ ಅವನಿಗೆ ಬಂದಿರಲಿಲ್ಲ.

ಜುಲೈಯಲ್ಲಿ ಕಾಲೇಜು ಅವನನ್ನು ಎರಡು ವಾರದ ಇಂಟರ್ನ್‌ಶಿಪ್ಪಿಗೆ ಕಳಿಸಿತು. ಒಂದು ವಾರ ಮಣಿಪಾಲದ ಚಾರ್ಟರ್ಡ್ ಅಕೌಂಟೆಂಟ್ ಲೀಲಾಧರರ ಕಚೇರಿ. ಇನ್ನೊಂದು ವಾರ ಕಾಪುವಿಗೂ ಉಚ್ಚಿಲಕ್ಕೂ ನಡುವೆ ಇರುವ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ವಿಲ್ಮಾ ಟೀಚರ ಕೈಕೆಳಗೆ. ಸಿಎ ಆಗಬೇಕೆನ್ನುವುದು ಅಪ್ಪ ದೇವದಾಸರ ಆಸೆ. ಮಣಿಪಾಲದಲ್ಲಿ ಜ್ಯೂಸ್ ಅಂಗಡಿ ಇಟ್ಟಿದ್ದ ಅವರು ಮೂಸಂಬಿ ಹಿಂಡುತ್ತಾ ಗಿರಾಕಿಗಳಿಗೆಲ್ಲ “ಮಗ ಸಿಎ” ಎಂದು ಆಗಲೇ ಹೇಳಿಯಾಗಿತ್ತು. ಹೆಡ್ಮಾಸ್ಟರ್ ಆಗಬೇಕೆನ್ನುವುದು ಪ್ರಖ್ಯಾತನ ಆಸೆ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಐದನೇ ಕ್ಲಾಸಿನಲ್ಲಿದ್ದಾಗ ಕಂಬದ ಮರೆಯಲ್ಲಿ ನಿಂತು ಹೆಡ್ಮಾಸ್ಟರ ಸ್ವರದಲ್ಲಿ “ಸೈಲೆನ್ಸ್” ಎಂದದ್ದಕ್ಕೆ ಇಡೀ ಜಗಲಿ ತಣ್ಣಗಾಗಿತ್ತು. ಆ ತಂಪು ಅವನ ಮೈಯಿಂದ ಇನ್ನೂ ಇಳಿದಿರಲಿಲ್ಲ.

ಮೊದಲ ವಾರ ಚೆನ್ನಾಗಿಯೇ ಕಳೆಯಿತು. ಲೀಲಾಧರರು ಪ್ರತಿ ಮಾತನ್ನೂ “ಅಲ್ಲಾ...” ಎಂದು ಶುರುಮಾಡಿ, ಗಂಟಲು ಸರಿಮಾಡಿಕೊಂಡು, ಎದುರಿನವರು ಮಾತೇ ಮುಗಿಯಿತು ಎಂದುಕೊಳ್ಳುವಷ್ಟು ಹೊತ್ತು ಬಿಟ್ಟು ಮುಂದುವರಿಸುವವರು. ಎರಡೇ ದಿನದಲ್ಲಿ ಪ್ರಖ್ಯಾತ್ ಆ ಬಿಡುವನ್ನೂ ಸೇರಿಸಿ ಅವರನ್ನು ಕಲಿತುಬಿಟ್ಟ. ಆಡಿಟ್ ಎಂದರೆ ಬೇರೆಯವರು ಆಡಿ ಇಟ್ಟದ್ದನ್ನು ನಾವು ಹುಡುಕಿ ತೆಗೆಯುವುದು ಎಂದು ಕಚೇರಿಯ ಹುಡುಗಿಯರಿಗೆ ಹೇಳಿ ನಗಿಸಿದ.

ಗುರುವಾರ ಲೀಲಾಧರರೂ ಅವನೂ ಕಾರ್ಕಳದ ಒಂದು ಗೇರುಬೀಜದ ಕಾರ್ಖಾನೆಗೆ ದಾಸ್ತಾನು ನೋಡಲು ಹೋದರು. ಗೋಡೆಯ ಕಡೆ ಮೂಟೆಗಳು ಮಾಡಿನ ಹತ್ತಿರದವರೆಗೆ ಏರಿದ್ದವು. ಹಿಂದಿನ ಸಾಲೂ ಹಾಗೆಯೇ ಉಂಟು ಎಂದು ಮೇಸ್ತ್ರಿ ಹೇಳಿದ. ಪ್ರಖ್ಯಾತ್ ಹಾಳೆಯಲ್ಲಿ ಟಿಕ್ ಹಾಕಿದ. ಲೀಲಾಧರರು ಚಪ್ಪಲಿ ಬಿಚ್ಚಿಟ್ಟು, ಅರುವತ್ತರ ಮೊಣಕಾಲನ್ನು ಬೈಯುತ್ತಾ ಮೂಟೆ ಹತ್ತಿ, ಆಚೆ ಬದಿ ಇಣುಕಿ, ಧೂಳು ಕೊಡವಿಕೊಂಡು ಇಳಿದರು.

“ಹಾಗೆಯೇ ಉಂಟಾ ಸರ್?”

“ಅಲ್ಲಾ... ಹಾಗೆಯೇ ಉಂಟು. ಮೇಸ್ತ್ರಿ ಸುಳ್ಳು ಹೇಳ್ಲಿಲ್ಲ.”

“ಮತ್ತೆ ಹತ್ತಿದ್ದು ಎಂತಕ್ಕೆ?”

“ಸಹಿ ನನ್ನದಲ್ವಾ ಮಾರಾಯ? ಶುಗರ್ ಬಂದ ಮೇಲೆ ನನಗೆ ಉಳಿದದ್ದು ಸಿಹಿ ಅಲ್ಲ, ಸಹಿ ಮಾತ್ರ.”

ಹುಡುಗ ಅವರಿಗೆ ಹಿಡಿಸಿದ್ದ. ಕಚೇರಿಯಲ್ಲಿ ಆರ್ಟಿಕಲ್‌ಶಿಪ್ಪಿಗೆ, ಅಂದರೆ ಸಿಎ ಓದುವವರು ದುಡಿಯುತ್ತಾ ಕಲಿಯುವುದಕ್ಕೆ, ಒಂದೇ ಜಾಗ ಖಾಲಿ ಇತ್ತು. ಕೇಳುವವರು ಬಹಳ ಇದ್ದರು. “ಮುಂದಿನ ವಾರದ ಶನಿವಾರದವರೆಗೆ ನಿನಗೆ ಅಂತ ಇಟ್ಟಿರ್ತೇನೆ. ಬರ್ತೀಯೋ ಇಲ್ವೋ ಅಂತ ನೀನೇ ಬಂದು ಹೇಳು” ಎಂದರು. ಅಪ್ಪನಿಗೆ ಸುದ್ದಿ ತಲುಪಿ, ಆ ಸಂಜೆ ಅಂಗಡಿಯಲ್ಲಿ ಎಲ್ಲ ಗ್ಲಾಸುಗಳಿಗೂ ಸ್ವಲ್ಪ ಜಾಸ್ತಿಯೇ ಜ್ಯೂಸು ಬಿತ್ತು.

ಸೋಮವಾರ ಪ್ರಖ್ಯಾತ್ ಶಾಲೆಗೆ ಹೋದ. ಅಲ್ಲಿ ಮೊದಲು ಪರಿಚಯವಾದದ್ದು ಮಮ್ಮು. ಉಚ್ಚಿಲದ ಕಡೆಯ ಮಕ್ಕಳನ್ನು ತರುವ ಓಮ್ನಿಯ ಚಾಲಕ, ಎಲ್ಲರಿಗೂ ಮಮ್ಮುಚ್ಚ. ವಿಲ್ಮಾ ಟೀಚರಿಗೆ ಒಂದೇ ದೊಡ್ಡ ಕೆಲಸ ಎಂದು ತಿಳಿದದ್ದೂ ಅವರಿಂದಲೇ. ಇಂಟರ್ನ್‌ಶಿಪ್ಪಿನ ಹುಡುಗನನ್ನು ಅವರು ಹಾಸ್ಯಕ್ಕೆ ‘ಮಾಸ್ಟ್ರೇ’ ಎಂದು ಕರೆಯುತ್ತಿದ್ದರು.

“ಪಾಠ ಯಾರು ಬೇಕಾದ್ರೂ ಮಾಡ್ತಾರೆ ಮಾಸ್ಟ್ರೇ. ಮಳೆಗಾಲದಲ್ಲಿ ರಜೆ ಕೊಡೂದುಂಟಲ್ಲ, ಅದು ಟೀಚರೇ ಆಗ್ಬೇಕು.”

ಜೋರು ಮಳೆ ಹೊಯ್ದರೆ ಆಯಾ ಶಾಲೆಯವರೇ ನೋಡಿ ತೀರ್ಮಾನಿಸಿ ಎಂದು ಮೇಲಿನವರು ಹೇಳಿಬಿಟ್ಟಿದ್ದರು. ಬೆಳಿಗ್ಗೆ ಎದ್ದರೆ ಮೊಬೈಲಿಗೆ ಸುಳ್ಳು ರಜೆಗಳದ್ದೇ ಜಡಿಮಳೆ. ಹಳೆಯ ಆದೇಶಕ್ಕೆ ಹೊಸ ತಾರೀಕು ಅಂಟಿಸಿ ಕಳಿಸುವಷ್ಟು ಬುದ್ಧಿ ಒಂಬತ್ತನೆಯ ಕ್ಲಾಸಿಗೇ ಬಂದಿತ್ತು. ಹಾಗಾಗಿ ಪೋಷಕರು ಬರಹವನ್ನು ನಂಬುವುದು ಬಿಟ್ಟು, ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ವಿಲ್ಮಾ ಟೀಚರ ಸ್ವರ ಬಂದರೆ ಮಾತ್ರ ನಂಬುತ್ತಿದ್ದರು. ಟೀಚರು ಬೆಳಕಾಗುವ ಹೊತ್ತಿಗೆ ಗದ್ದೆಬದಿಯ ರಸ್ತೆಯ ನೀರು ಕೇಳಿ ಮಮ್ಮುಚ್ಚನಿಗೆ, ಕಡಲ ಬದಿಯ ಒಬ್ಬರಿಗೆ, ಅಡುಗೆಯವರಿಗೆ ಫೋನು ಮಾಡಿ, ಆಮೇಲೆ ಮನೆಯಲ್ಲಿ ಯಾರ ಮೊಬೈಲು ಕೈಗೆ ಸಿಕ್ಕಿತೋ ಅದರಲ್ಲಿ, ಅಡುಗೆಮನೆಯಲ್ಲೇ ನಿಂತು ಮಾತಾಡುತ್ತಿದ್ದರು. “ಹಾಂ, ನಾನು ವಿಲ್ಮಾ ಟೀಚರ್. ಪೋಷಕರೇ, ಮತ್ತೆ ಮಕ್ಕಳೇಏ...” ಹಿಂದೆ ಕುಕ್ಕರಿನ ಸೀಟಿ. ಕೊನೆಗೆ ಸಣ್ಣ ಕೆಮ್ಮು, “ದೇವರು ಒಳ್ಳೇದು ಮಾಡ್ಲಿ.”

ಮಮ್ಮುಚ್ಚನ ಮೊಬೈಲಿನಲ್ಲಿದ್ದ ಹಳೆಯ ಸಂದೇಶಗಳನ್ನು ಕೇಳಿಯೇ ಪ್ರಖ್ಯಾತ್ ಅದನ್ನೂ ಕಲಿತ. ಮೊಬೈಲಿನಲ್ಲಿ ಹುಷಾರಿದ್ದಾನೆ ಎಂದು ಟೀಚರು ಅವನನ್ನು ಗ್ರೂಪಿಗೂ ಸೇರಿಸಿದ್ದರು. ಆ ದಿನ ಮೈಕು ಕೆಟ್ಟು, ಪ್ರಾರ್ಥನೆಯ ಹೊತ್ತಿಗೆ ಮಳೆಯ ಸದ್ದಿನ ಮೇಲೆ ಕೂಗಿ ಕೂಗಿ ಸಂಜೆಗೆ ಅವರ ಗಂಟಲು ಪೂರ್ತಿ ಕೂತುಹೋಯಿತು.

ಮಂಗಳವಾರ ಬೆಳಿಗ್ಗೆ ಆಕಾಶ ಒಡೆದ ಹಾಗೆ ಮಳೆ. ಟೀಚರು ಅವನಿಗೆ ಬರೆದರು: “ಸ್ವರ ಇಲ್ಲ. ವಿಚಾರಿಸಿದ್ದೇನೆ. ಇವತ್ತು ರಜೆ. ನೀನು ಗ್ರೂಪಿಗೆ ಹಾಕು.” ಅವನು ಬರೆದು ಹಾಕಿದ. ಕೂಡಲೇ ಉತ್ತರ ಬಂತು: ಫೇಕ್. ತನ್ನ ಸ್ವರದಲ್ಲಿ ಹೇಳಿ ಹಾಕಿದ. “ನೀವು ಯಾರು?” ಎಂದು ಒಬ್ಬರು, “ಯಾವ ಕ್ಲಾಸಿನವ ಇವ, ಮೀಸೆ ಬಂದ ಹಾಗೆ ಮಾತಾಡ್ತಾನೆ” ಎಂದು ಇನ್ನೊಬ್ಬರು. ಹೊತ್ತು ಹೋಗುತ್ತಿತ್ತು. ಮಕ್ಕಳು ಹೊರಡುವ ಸಮಯ. ಪ್ರಖ್ಯಾತ್ ಬಾಗಿಲು ಹಾಕಿಕೊಂಡು ಗಂಟಲು ತೆಳ್ಳಗೆ ಮಾಡಿ, “ಹಾಂ, ನಾನು ವಿಲ್ಮಾ ಟೀಚರ್” ಎಂದ. ನಾಲಿಗೆಯನ್ನು ಹಲ್ಲಿಗೆ ಒತ್ತಿ ಸೀಟಿಯನ್ನೂ ಹಾಕಿದ. ಕೆಮ್ಮಿದ. ದೇವರಿಂದ ಒಳ್ಳೆಯದನ್ನೂ ಮಾಡಿಸಿದ.

ಗ್ರೂಪಿನ ತುಂಬ ಕೈಮುಗಿದ ಚಿತ್ರಗಳು. “ಥ್ಯಾಂಕ್ಯೂ ಟೀಚರ್.” ಒಂದು ಮಗುವೂ ಮನೆ ಬಿಟ್ಟು ಹೊರಡಲಿಲ್ಲ. ಅವನ ಮೈಗೆ ಐದನೇ ಕ್ಲಾಸಿನ ತಂಪು ಮತ್ತೆ ಬಂತು.

ಸ್ವಲ್ಪ ಹೊತ್ತಿನ ಮೇಲೆ ಟೀಚರು ಅವನಿಗೆ ಬರೆದರು: “ಕೇಳಿದೆ. ಒಳ್ಳೇದಿತ್ತು. ಇನ್ನು ಮಾಡ್ಬೇಡ.”

ಅಷ್ಟಕ್ಕೆ ನಿಲ್ಲಿಸಿದ್ದರೆ ನಿಲ್ಲುತ್ತಿತ್ತು. ಆದರೆ ಮಧ್ಯಾಹ್ನ ನಾಳೆ ಶಾಲೆಗೆ ಬರ್ತೀರಾ ಎಂದು ಕೇಳಲು ಮಮ್ಮುಚ್ಚ ಫೋನು ಮಾಡಿದಾಗ ಪ್ರಖ್ಯಾತನಿಗೆ ತಡೆಯಲಾಗಲಿಲ್ಲ. “ಬೆಳಿಗ್ಗೆ ಟೀಚರ ಮೆಸೇಜು ಕೇಳಿದ್ರಾ ಮಮ್ಮುಚ್ಚ?” ಎಂದು ಟೀಚರ ಸ್ವರದಲ್ಲೇ ಕೇಳಿದ. ಆಚೆ ಕಡೆ ಮಮ್ಮುಚ್ಚ ನಕ್ಕ ನಗು ಸಂಜೆಯೊಳಗೆ ಉಚ್ಚಿಲದ ಎಲ್ಲ ಮನೆಗಳಿಗೂ ಮುಟ್ಟಿತು.

ಬುಧವಾರ ಮಳೆ ಇನ್ನೂ ಜೋರು. ಟೀಚರ ಸ್ವರ ಬಂದಿತ್ತು, ಆದರೆ ಒಡೆದ ಸ್ವರ. ಜ್ವರದ ಬಾಯಿಗೆ ರುಚಿ ಇಲ್ಲವೆಂದು ಅವರು ಆ ದಿನ ಕುಕ್ಕರನ್ನೇ ಇಟ್ಟಿರಲಿಲ್ಲ. ಮಮ್ಮುಚ್ಚನ ಫೋನು ಸಿಗದೆ, ನೀರಿನ ಸುದ್ದಿ ಅಡುಗೆಯವರಿಂದ ತಿಳಿದಿತ್ತು. “ಗದ್ದೆಬದಿ ರಸ್ತೆಗೆ ನೀರು ಬಂದುಂಟು. ರಜೆ” ಎಂದು ಅವರೇ, ಸ್ವಂತ ಬಾಯಿಂದ, ಹೇಳಿ ಹಾಕಿದರು.

“ಸೀಟಿ ಇಲ್ಲ. ಇದು ಆ ಹುಡುಗ” ಎಂದು ಒಬ್ಬರು ಬರೆದರು.

“ನಿನ್ನೆಯಷ್ಟು ಸರಿ ಬರ್ಲಿಲ್ಲ ಇವತ್ತು” ಎಂದು ಇನ್ನೊಬ್ಬರು.

ಟೀಚರು ಮತ್ತೆ ಹೇಳಿದರು. ಮತ್ತೆ ನಗುವ ಚಿತ್ರಗಳು. ಪ್ರಖ್ಯಾತ್ ಬಸ್ಸಿನಲ್ಲಿ ಕೂತು ಅದನ್ನೆಲ್ಲ ನೋಡುತ್ತಾ, “ಇದು ನಿಜವಾಗಿಯೂ ಟೀಚರೇ” ಎಂದು ಬರೆದ. ಅದರ ಕೆಳಗೆ ಇನ್ನಷ್ಟು ನಗು.

ಅವನು ಶಾಲೆ ಮುಟ್ಟುವಾಗ ಮಮ್ಮುಚ್ಚನ ಓಮ್ನಿ ಗದ್ದೆಬದಿಯ ನೀರಿನಲ್ಲಿ ಕೆಮ್ಮಿ ನಿಂತಿತ್ತು. ಮಮ್ಮುಚ್ಚ ಲುಂಗಿ ಮೇಲೆ ಕಟ್ಟಿ, ಹೆಗಲ ಮೇಲೊಂದು ಬ್ಯಾಗು, ಎರಡೂ ಕೈಯಲ್ಲಿ ಒಂದೊಂದು ಮಗುವನ್ನು ಹಿಡಿದು ಬರುತ್ತಿದ್ದರು. ದೊಡ್ಡ ಮಕ್ಕಳು ಸಣ್ಣವರ ಕೈ ಹಿಡಿದಿದ್ದರು. ಪ್ರಖ್ಯಾತ್ ಪ್ಯಾಂಟು ಸಮೇತ ನೀರಿಗಿಳಿದ. ಮೊಣಕಾಲಿನವರೆಗಿನ ನೀರು, ಹರಿಯದ ನೀರು. ಯಾರಿಗೂ ಏನೂ ಆಗಲಿಲ್ಲ. ಆದರೆ ಒಬ್ಬಳು ಹುಡುಗಿಯ ಚಪ್ಪಲಿ ತೇಲಿಹೋಗಿ, ಅವಳು ಅದನ್ನು ಹಿಡಿಯಲು ಗದ್ದೆಯ ಕಡೆ ಒಂದು ಹೆಜ್ಜೆ ಇಟ್ಟಾಗ, ಅವನಿಗೆ ಯಾವ ಸ್ವರವೂ ಬರಲಿಲ್ಲ. ಓಡಿ ಹೋಗಿ ತೋಳು ಹಿಡಿದೆಳೆದ.

ವಿಲ್ಮಾ ಟೀಚರು ಸ್ವೆಟರು ಹಾಕಿಕೊಂಡು ಶಾಲೆಗೆ ಬಂದೇಬಿಟ್ಟಿದ್ದರು. ವಾರ್ಷಿಕೋತ್ಸವದ ವೇದಿಕೆಯ ಪರದೆಯನ್ನು ಕಪಾಟಿನಿಂದ ತೆಗೆಸಿ, ಮಕ್ಕಳನ್ನು ಅದರಲ್ಲಿ ಸುತ್ತಿ ಸ್ಟಾಫ್ ರೂಮಿನಲ್ಲಿ ಸಾಲಾಗಿ ಕೂರಿಸಿದರು. ಜರಿ ಅಂಚಿನ ಕೆಂಪು ಪರದೆಯೊಳಗಿಂದ ತಲೆಗಳು ಮಾತ್ರ ಕಾಣುತ್ತಿದ್ದವು. ಮಮ್ಮುಚ್ಚ ಬಿಸಿ ಗಂಜಿಗೆ ಒಲೆ ಹಚ್ಚಿದರು. ಪ್ರಖ್ಯಾತ್ ಒಬ್ಬೊಬ್ಬರದೇ ಮನೆಗೆ ಫೋನು ಮಾಡಿದ. ಕೆಲವರು ಆಗಲೂ “ಯಾರ ಸ್ವರ ಇದು?” ಎಂದು ಕೇಳಿದರು.

ಎಲ್ಲ ಮುಗಿದ ಮೇಲೆ ಅವನು ಟೀಚರ ಮೇಜಿನೆದುರು ನಿಂತ. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡಿದ್ದ. ಅವರು ಬೈಯಲಿಲ್ಲ.

“ಇಪ್ಪತ್ತಾರು ವರ್ಷ ಆಯ್ತು ಈ ಶಾಲೆಯಲ್ಲಿ” ಎಂದರು ಒಡೆದ ಸ್ವರದಲ್ಲಿ. “ಇವತ್ತು ನಾನು ಹೇಳಿದ್ದನ್ನು ಯಾರೂ ನಂಬ್ಲಿಲ್ಲ, ಅಲ್ವಾ?”

“ನನ್ನ ತಪ್ಪು ಟೀಚರ್. ನಾನು ನಾಳೆಯಿಂದ ಬರೂದಿಲ್ಲ.”

“ಬಾರದೆ? ಇದನ್ನು ನಾನೊಬ್ಬಳೇ ಸರಿ ಮಾಡ್ಬೇಕಾ?” ಅವರು ಮೂಗು ಒರೆಸಿಕೊಂಡರು. “ಶನಿವಾರದವರೆಗೆ ಗ್ರೂಪಿನಲ್ಲಿ ನೀನೇ ಹೇಳು. ನಿನ್ನ ಹೆಸರು, ನಿನ್ನ ಸ್ವರ.”

“ಯಾರು ನಂಬ್ತಾರೆ?”

“ಅದೇ. ಹೋಗಿ ನಂಬಿಸು.”

ಅವತ್ತೇ ಸಂಜೆ, ಗುರುವಾರ, ಶುಕ್ರವಾರ, ಅವನು ಮಮ್ಮುಚ್ಚನ ಪಕ್ಕ ಕೂತು ಮನೆ ಮನೆಗೆ ಹೋದ. ಪ್ರತಿ ಅಂಗಳದಲ್ಲೂ ಅದೇ ಮಾತು: “ನಾನು ಪ್ರಖ್ಯಾತ್, ಅಲೆವೂರಿನವ. ಮಂಗಳವಾರ ಟೀಚರ ಸ್ವರ ತೆಗೆದವ ನಾನೇ. ಬುಧವಾರ ಮಾತಾಡಿದ್ದು ಟೀಚರೇ. ಶನಿವಾರದವರೆಗೆ ನಾನು ಹೇಳ್ತೇನೆ, ಇದೇ ಸ್ವರದಲ್ಲಿ.” ಕೆಲವರು ಬೈದರು. ಹೆಚ್ಚಿನವರು ನಕ್ಕರು. ನಗು ಬೈಗುಳಕ್ಕಿಂತ ಕಷ್ಟವಾಯಿತು, ಯಾಕೆಂದರೆ ಎಲ್ಲರಿಗೂ ಒಮ್ಮೆ ಕೇಳಬೇಕಿತ್ತು.

“ಒಂದು ಸಲ ಮಾಡಿ ತೋರ್ಸು ಮೋನೇ” ಎಂದರು ಜುಮಾನಾಳ ಅಜ್ಜಿ ರುಕಿಯಮ್ಮ. ಚಪ್ಪಲಿ ಹೋದದ್ದು ಜುಮಾನಾಳದ್ದೇ. “ಸೀಟಿ ಸಮೇತ. ಚಾ ಕೊಡ್ತೇನೆ.”

ಅವನ ನಾಲಿಗೆ ಹಲ್ಲಿನವರೆಗೆ ಹೋಯಿತು. ಅಷ್ಟು ಒಳ್ಳೆಯ ಸಭೆ ಅವನಿಗೆ ಯಾವತ್ತೂ ಸಿಕ್ಕಿರಲಿಲ್ಲ.

“ಚಾ ಕುಡಿತೇನೆ ಉಮ್ಮಾ. ಸೀಟಿ ಇಲ್ಲ.”

“ಹಾಗಾದ್ರೆ ಸಕ್ಕರೆಯೂ ಇಲ್ಲ” ಎಂದು ಅವರು ಒಳಗೆ ಹೋದರು. ಚಹಾಕ್ಕೆ ಸಕ್ಕರೆ ಇತ್ತು.

ಶನಿವಾರ ಬೆಳಿಗ್ಗೆ ಮೋಡ ಕವಿದಿತ್ತು. ಮೊಬೈಲಿನಲ್ಲಿ ಆಗಲೇ ಒಂದು ರಜೆ ಓಡಾಡುತ್ತಿತ್ತು, ಮೊಹರು ಸಮೇತ. ಪ್ರಖ್ಯಾತ್ ಮೊದಲ ಬಸ್ಸು ಹಿಡಿದು ಬಂದು, ಗದ್ದೆಬದಿಯ ರಸ್ತೆಯನ್ನು ಈ ತುದಿಯಿಂದ ಆ ತುದಿಗೆ ನಡೆದ. ಡಾಂಬರು ಕಾಣುತ್ತಿತ್ತು. ಮೋರಿಯ ಬಾಯಿಗೆ ಸಿಕ್ಕಿಕೊಂಡಿದ್ದ ತೆಂಗಿನ ಮಡಲನ್ನು ಎಳೆದು ಹಾಕಿದ. ಕಡಲ ಬದಿಗೆ ಫೋನು ಮಾಡಿ ಕೇಳಿದ. ಆಮೇಲೆ ಟೀಚರಿಗೆ ಹೇಳಿದ. “ಸರಿ, ಹಾಕು” ಎಂದರು.

“ನಾನು ಪ್ರಖ್ಯಾತ್. ರಸ್ತೆ ನೋಡಿದ್ದೇನೆ, ಅಲ್ಲಿಯೇ ನಿಂತಿದ್ದೇನೆ. ನೀರು ಇಲ್ಲ. ಇವತ್ತು ರಜೆ ಇಲ್ಲ.”

ಸ್ವರ ಅವನಿಗೇ ಅಪರಿಚಿತವಾಗಿ ಕೇಳಿತು. ಸ್ವಲ್ಪ ಗೊಗ್ಗರು, ಯಾರ ಹಾಗೂ ಇಲ್ಲ. ಗ್ರೂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ಅವನು ರಸ್ತೆ ಬದಿಯಲ್ಲೇ ಕೊಡೆ ಹಿಡಿದು ನಿಂತ. ಒಂದು ಮೀನಿನ ಟೆಂಪೋ ಹೋಯಿತು. ಖಾಲಿ ರಿಕ್ಷಾ ಒಂದು ಹೋಯಿತು. ಬಹಳ ಹೊತ್ತು ಏನೂ ಬರಲಿಲ್ಲ.

ಆಮೇಲೆ ತಿರುವಿನಲ್ಲಿ ಓಮ್ನಿ ಕಾಣಿಸಿತು. ಒಳಗೆ ಇಡೀ ಉಚ್ಚಿಲ ತುಂಬಿದ ಹಾಗೆ ತುಂಬಿತ್ತು. ಅವನ ಹತ್ತಿರ ಬಂದು ನಿಂತಾಗ ಹಿಂದಿನ ಕಿಟಕಿಯಿಂದ ಜುಮಾನಾ ತಲೆ ಹೊರಹಾಕಿದಳು. ಮುಖ ಊದಿಕೊಂಡಿತ್ತು.

“ನಿಮ್ಮಿಂದಾಗಿ ಬರ್ಬೇಕಾಯ್ತು ಸರ್! ರಜೆ ಅಂತ ನಾನು ತೋರಿಸಿದೆ. ಅಜ್ಜಿ ಹೇಳಿದ್ರು, ಆ ಸಕ್ಕರೆ ಚಾದವ ಇಲ್ಲ ಅಂದ ಮೇಲೆ ಇಲ್ಲ ಅಂತ.”

“ಹತ್ತಿ ಮಾಸ್ಟ್ರೇ” ಎಂದರು ಮಮ್ಮುಚ್ಚ. ಈ ಸಲ ಆ ‘ಮಾಸ್ಟ್ರೇ’ಯಲ್ಲಿ ಹಾಸ್ಯವಿರಲಿಲ್ಲ. ಜಾಗವೂ ಇರಲಿಲ್ಲ.

ಅರ್ಧ ದಿನದ ಶಾಲೆ ಮುಗಿಸಿ ಅವನು ಮಣಿಪಾಲಕ್ಕೆ ಹೋದ. ಲೀಲಾಧರರಿಗೆ ಕಥೆ ಆಗಲೇ ತಲುಪಿತ್ತು. ಬಿ.ಎಡ್. ಮಾಡುತ್ತೇನೆ, ಶಾಲೆಗೆ ಹೋಗುತ್ತೇನೆ, ಮೂಟೆ ಹತ್ತುವುದನ್ನು ಮಾತ್ರ ನಿಮ್ಮಿಂದ ತಗೊಂಡು ಹೋಗುತ್ತೇನೆ ಎಂದು ಅವನು ಹೇಳುವವರೆಗೆ ಅವರು ಪೆನ್ನಿನ ಮುಚ್ಚಳ ತಿರುಗಿಸುತ್ತಾ ಕೇಳಿದರು.

“ಅಲ್ಲಾ...” ಎಂದರು. ಗಂಟಲು ಸರಿಮಾಡಿಕೊಂಡರು. ಅವನು ಕಾದ. “ಹೆಡ್ಮಾಸ್ಟರ್ ಆಗ್ಲಿಕ್ಕೆ ನಿನ್ನ ಕೂದಲು ಬೆಳ್ಳಗಾಗ್ಬೇಕು, ಗೊತ್ತುಂಟಾ?”

“ಗೊತ್ತುಂಟು ಸರ್.”

“ಅಪ್ಪನಿಗೆ ಹೇಳಿದ್ಯಾ?”

“ಇಲ್ಲ. ಈಗ ಹೋಗ್ತೇನೆ.”

“ಬೇಕಾದ್ರೆ ನಾನು ಒಂದು ಫೋನು ಮಾಡ್ಲಾ? ನಾನು ಹೇಳಿದ್ರೆ ಕೇಳ್ತಾನೆ ದೇವದಾಸ.”

ಪ್ರಖ್ಯಾತ್ ಕೊಡೆ ಎತ್ತಿಕೊಂಡ. “ಬೇಡ ಸರ್. ನಾನೇ ಹೇಳ್ತೇನೆ.”

ಜ್ಯೂಸ್ ಅಂಗಡಿಯ ಮುಂದೆ ಆಸ್ಪತ್ರೆಯಿಂದ ಬಂದವರ ಸಾಲಿತ್ತು. ಮಗನನ್ನು ಕಂಡದ್ದೇ ದೇವದಾಸರು ಮೂಸಂಬಿ ಕೆಳಗಿಟ್ಟು ಕೈ ಒರೆಸಿಕೊಂಡರು. “ಎಂತ ಆಯ್ತು? ಲೀಲಾಧರರು ಎಂತ ಹೇಳಿದ್ರು?”

ಸಾಲಿನಲ್ಲಿದ್ದವರೂ ತಿರುಗಿ ನೋಡಿದರು. ಪ್ರಖ್ಯಾತ್ ಕೊಡೆ ಮಡಚಿ ಒಳಗೆ ಬಂದ.

“ಅವರು ಹೇಳಿದ್ದು ಆಮೇಲೆ ಅಪ್ಪ” ಎಂದ. “ಮೊದಲು ನಾನು ಹೇಳೂದು ಕೇಳಿ.”