ಅಮ್ಮನ ಪೆಟ್ಟಿಗೆಯಲ್ಲಿ ಮಾರ್ಕ್ಸ್ ಕಾರ್ಡು

ಮುದ್ದಮ್ಮ ಎಸ್.ಎಸ್.ಎಲ್.ಸಿ. ಪಾಸಾದಳೆಂದು ಕೇರಿಯೆಲ್ಲ ಹಿಗ್ಗಿತು. ಅವಳ ತಾಯಿ ಹೊನ್ನಕ್ಕನಿಗೆ ಮಾತ್ರ ಅಂದಿನಿಂದ ಚಿಂತೆ ಹತ್ತಿತು. ಫೇಲಾಗಿದ್ದರೆ ದಾರಿ ಸಲೀಸಾಗಿತ್ತು. ನಾಳೆಯಿಂದ ನಾಟಿಗೆ ಬಾ ಎಂದರೆ ಮುಗಿಯುತ್ತಿತ್ತು. ಪಾಸಾದ ಮಗಳನ್ನು ಏನು ಮಾಡುವುದು?

ಅದು ಅರವತ್ತನೆಯ ಇಸವಿ. ಹಳ್ಳಿಮೈಸೂರಿನಿಂದ ಎರಡು ಮೈಲಿ ಒಳಗಿದ್ದ ಆ ಊರಿನ ಕೇರಿಯಲ್ಲಿ ಅಷ್ಟು ಓದಿದ ಹೆಣ್ಣುಮಗಳು ಇನ್ನೊಬ್ಬಳಿರಲಿಲ್ಲ. ಹೊಳೆನರಸೀಪುರದ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಮುಗಿಸಿದ್ದಳು. ಮುಂದೆ ಓದಬೇಕಾದರೆ ಹಾಸನಕ್ಕೆ ಹೋಗಬೇಕು. ಫೀಜು, ಪುಸ್ತಕ, ಊಟದ ಖರ್ಚು, ಒಂದೇ ಎರಡೇ! ಗಂಡ ದ್ಯಾವಯ್ಯನಿಗಿದ್ದದ್ದು ಅರ್ಧ ಎಕರೆ ಹೊಲ, ಎರಡು ಕುರಿ. ಹನ್ನೆರಡು ಹೆಣ್ಣಾಳುಗಳ ನಾಟಿ ಗುಂಪಿಗೆ ಹೊನ್ನಕ್ಕನೇ ಮುಂದಾಳು. ಈ ಸಲ ಒಬ್ಬಳು ಬಾಣಂತನಕ್ಕೆ ತವರಿಗೆ ಹೋಗಿದ್ದಳು. "ಸೋಮವಾರದಿಂದ ಮುದ್ದಿ ಬತ್ತಾಳೆ" ಎಂದು ದ್ಯಾವಯ್ಯ ಗದ್ದೆಯವರಿಗೆ ಮಾತು ಕೊಟ್ಟುಬಿಟ್ಟಿದ್ದ. ಮುದ್ದಮ್ಮ ತನ್ನ ಪುಸ್ತಕಗಳನ್ನು ಒಂದು ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದಳು. ಹೊನ್ನಕ್ಕ ಅಟ್ಟದ ಕಡೆ ಕಣ್ಣೆತ್ತುವುದನ್ನೇ ಬಿಟ್ಟಳು.

ಬುಧವಾರ ಸಂಜೆ ಹೊನ್ನಕ್ಕನ ತಮ್ಮ ಚೆನ್ನಯ್ಯ ಬಂದ. ಸಾಲಗಾಮೆಯಲ್ಲಿ ಪ್ರೈಮರಿ ಸ್ಕೂಲಿನ ಮೇಷ್ಟ್ರು ಅವನು. ಬಸ್ಸಿಳಿದು ಎರಡು ಮೈಲಿ ಬಿರಬಿರನೆ ನಡೆದು ಬಂದಿದ್ದ. ಪಂಚೆಯ ಅಂಚೆಲ್ಲ ಕೆಸರು.

"ಏನ್ ಮೇಷ್ಟ್ರೇ, ನಡುವಾರದಲ್ಲೇ ಇಸ್ಕೂಲಿಗೆ ಬೀಗ ಹಾಕ್ಬುಟ್ರಾ?" ದ್ಯಾವಯ್ಯ ಜಗಲಿಯಿಂದಲೇ ಕಿಚಾಯಿಸಿದ.

"ರಜಾ ಹಾಕಿ ಬಂದಿವ್ನಿ ಭಾವ. ನಗಾಕೆ ಒತ್ತಿಲ್ಲ." ಚೆನ್ನಯ್ಯ ಚೀಲದಿಂದ ಒಂದು ಕಾಗದ ತೆಗೆದ. "ಇದು ಸ್ಕಾಲರ್‌ಶಿಪ್ಪಿನ ಅರ್ಜಿ. ಹಾಸನದ ಕಾಲೇಜಿಂದ ತಂದೆ. ಮುದ್ದಿ ಮಾರ್ಕು ಬರ್ಕೊಂಡೋಗಿ ತೋರ್ಸಿದ್ನಲ್ಲ, ಸೀಟು ಇಟ್ಟವ್ರೆ. ಆದ್ರೆ ಈ ಅರ್ಜಿ ಶನಿವಾರ ಸಂಜೆ ಐದರ ಒಳ್ಗೆ ಅಲ್ಲಿ ಸೇರ್ಬೇಕು."

"ಅರ್ಜಿಗೆ ಎಷ್ಟು ಕೊಟ್ಟೆ?"

"ಒಂದು ಕಾಸೂ ಇಲ್ಲ. ಕೇಳಿದ್ರೆ ಕೊಡ್ತಾರೆ. ಕೇಳೋರೇ ಇಲ್ಲ, ಅಷ್ಟೆಯ."

ದ್ಯಾವಯ್ಯ ಬೀಡಿಯನ್ನು ಕಲ್ಲಿಗೆ ಉಜ್ಜಿ ಆರಿಸಿದ. "ಸರ್ಕಾರದೋರು ಸುಮ್‌ಸುಮ್ನೆ ಕೊಟ್ಟಾರೇನ್ಲಾ? ಇವತ್ತು ಕೊಟ್ಟು, ನಾಳೆ ಹೊಲ ಜಪ್ತಿಗೆ ಬಂದ್ರೆ?"

"ಇದು ಸಾಲ ಅಲ್ಲ ಭಾವ. ತಿರ್ಗಿ ಕೇಳಾಕಿಲ್ಲ. ನಮ್ಮಂಥ ಮನೆ ಮಕ್ಳು ಓದ್ಲಿ ಅಂತ್ಲೇ ಮಡಗಿರೋದು."

"ಎಲ್ಲ ಪಸ್ಟ್ ಕ್ಲಾಸಿನೋರಿಗೆ ಇರ್ತದೆ ಬಿಡು. ಇಲ್ಲಾಂದ್ರೆ ಯಾರಾನಾ ದೊಡ್ಡೋರ ಕಾಲು ಇಡೀಬೇಕು."

"ಪಾಸಾಗಿದ್ರೆ ಸಾಕು. ಯಾರ ಕಾಲೂ ಇಡೀಬ್ಯಾಡ. ತಾರೀಕು ಒಂದು ಇಡ್ಕೊ." ಚೆನ್ನಯ್ಯನ ದನಿ ತಗ್ಗಿತು. "ನಂಗೂ ಕಾಲೇಜಿಗೆ ಓಗೋ ಆಸೆ ಇತ್ತು ಭಾವ. ಇಂಥದೊಂದು ಐತೆ ಅಂತ ಗೊತ್ತಾಗೋ ಒತ್ತಿಗೆ ತಾರೀಕು ದಾಟಿ ಹನ್ನೆಲ್ಡು ದಿನ ಆಗಿತ್ತು. ಆ ಹನ್ನೆಲ್ಡು ದಿನ ಇವತ್ತಿಗೂ ಎಣಿಸ್ತಾ ಇವ್ನಿ. ಮುದ್ದಿಗೆ ಅಂಗಾಗೋದು ಬ್ಯಾಡ."

ದ್ಯಾವಯ್ಯ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಚೆನ್ನಯ್ಯ ಒಳಕ್ಕೆ ತಿರುಗಿ, "ಅಕ್ಕ, ಮಾರ್ಕ್ಸ್ ಕಾರ್ಡು ತಕ್ಕೊಂಬಾ. ಬೆಳಿಗ್ಗೆ ಏಳರ ಬಸ್ಸಿಗೆ ತಾಲ್ಲೂಕು ಕಚೇರಿಗೆ ಓಗ್ಬೇಕು" ಎಂದ.

ಹೊನ್ನಕ್ಕ ಒಲೆಯ ಮುಂದೆ ಕೂತಿದ್ದಳು. ಚೆನ್ನಾಗಿ ಉರಿಯುತ್ತಿದ್ದ ಒಲೆಯನ್ನೇ ಮತ್ತೆ ಮತ್ತೆ ಕೆದಕಿದಳು.

"ಅಕ್ಕ?"

"ಅದು... ಅಮ್ಮನ ಪೆಟ್ಟಿಗೇಲಿ ಐತೆ ಕಣಪ್ಪ."

ಆ ಕೇರಿಯಲ್ಲಿ ಒಂದು ನಡಾವಳಿಯಿತ್ತು. ಮನೆಗೆ ಬಂದ ಮೊದಲ ಫಲ ಏನೇ ಇರಲಿ, ರಾಗಿಯ ಮೊದಲ ತೆನೆ, ಮೊದಲ ಕರುವಿನ ಹಗ್ಗ, ಅದು ಮಾರಮ್ಮನ ಪೆಟ್ಟಿಗೆಗೆ ಹೋಗಬೇಕು. ಅಮಾವಾಸ್ಯೆಯ ದಿನ ಪೆಟ್ಟಿಗೆ ಮುಚ್ಚಿ ಅರಿಸಿನದ ದಾರ ಕಟ್ಟಿದರೆ ಮುಂದಿನ ಅಮಾವಾಸ್ಯೆಗೇ ಬಿಚ್ಚುವುದು. ಆಮೇಲೆ ಇಟ್ಟದ್ದನ್ನು ಪ್ರಸಾದವೆಂದು ಮನೆಗೆ ತರುವುದು. ಮಗಳ ಓದಿನ ಮೊದಲ ಫಲ ಎಂದು ಹೊನ್ನಕ್ಕ ಆ ಕಾರ್ಡನ್ನು ಹೂವಿನ ಜೊತೆ ಇಟ್ಟು ಬಂದಿದ್ದಳು. ಮುಂದಿನ ಅಮಾವಾಸ್ಯೆಗೆ ಇನ್ನೂ ಹತ್ತು ದಿನ ಇತ್ತು.

ಚೆನ್ನಯ್ಯ ಗೋಡೆಗೆ ಒರಗಿ ಕುಸಿದು ಕೂತ. "ನಕಲಾದ್ರೂ ಬರ್ಸಿ ಇಟ್ಕೊಂಡಿದ್ರಾ?"

"ನಕಲು ಅಂದ್ರೇನಪ್ಪ?"

"ಕಾರ್ಡಲ್ಲಿರೋದ್ನ ಬ್ಯಾರೆ ಕಾಗದಕ್ಕೆ ಅಂಗೇ ಬರ್ದು, ಹೆಡ್‌ಮಾಸ್ತರ ಕೈಲಿ ರುಜು ಮೊಹರು ಹಾಕ್ಸೋದು. ಅದಕ್ಕೂ ಅಸಲು ತೋರಿಸ್ಲೇಬೇಕು. ಇನ್ನೊಂದು ಕಾರ್ಡು ತರ್ಸಾಣ ಅಂದ್ರೆ ಬೆಂಗಳೂರಿಗೆ ಬರೀಬೇಕು. ತಿಂಗಳುಗಟ್ಟಲೆ ಆಯ್ತದೆ."

ಅಟ್ಟದ ಕೆಳಗೆ ನಿಂತಿದ್ದ ಮುದ್ದಮ್ಮ, "ಓಗ್ಲಿ ಬುಡು ಮಾವ. ಅವ್ವನ್ನ ಬಯ್ಬ್ಯಾಡ" ಎಂದಳು. ಅವಳು ಅತ್ತಿದ್ದರೆ ಹೊನ್ನಕ್ಕ ತಡೆದುಕೊಳ್ಳುತ್ತಿದ್ದಳೇನೋ. ಆ ತಣ್ಣನೆಯ ಮಾತನ್ನು ತಡೆಯಲಾಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದುಬಿಟ್ಟಳು.

ಪೆಟ್ಟಿಗೆ ಇದ್ದದ್ದು ಭಾವ ಬೈರಯ್ಯನ ಮನೆಯಲ್ಲಿ. ದ್ಯಾವಯ್ಯನ ಅಣ್ಣ ಅವನು, ಕೇರಿಯ ಪೂಜಾರಿ. ವಿಷಯ ಕೇಳಿ ಅವನು ಎರಡೂ ಕಿವಿ ಮುಚ್ಚಿಕೊಂಡ.

"ನಡುವೆ ದಾರ ಹರಿಯೋದಾ? ನಂಗೆ ಕೈ ನಡುಗ್ತದೆ ಕಣಮ್ಮಿ. ಕೇರೀಲಿ ಮಕ್ಳು ಮರಿ ಇಲ್ವಾ? ನಾಳೆ ಒಂದು ಮಗಾ ಕೆಮ್ಮಿದ್ರೂ ನಿನ್ನೇ ಅಂತಾರೆ."

"ಅದೇ ದಿಗಿಲು ನಂಗೂ ಭಾವ. ಒಂದ್ಸಲ ಅಮ್ಮನ್ನ ಕೇಳಿ ನೋಡು."

"ದೀಪ ಹಚ್ಚಿದ ಮ್ಯಾಲೆ ಕೇಳಂಗಿಲ್ಲ. ಬೆಳಿಗ್ಗೆ ತಲೆಗೆ ನೀರು ಹಾಕ್ಕೊಂಡು ಬಾ."

ಗುರುವಾರ ಬೆಳಗಾಗುವ ಹೊತ್ತಿಗೆ ಹೊನ್ನಕ್ಕ ಒದ್ದೆ ಕೂದಲಲ್ಲೇ ಅಲ್ಲಿದ್ದಳು. ಬೈರಯ್ಯ ಅಮ್ಮನ ಕಲಶಕ್ಕೆ ಕಣಗಿಲೆ ಹೂ ಏರಿಸಿದ. ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಬೇಡ. ಇಬ್ಬರೂ ಕೈ ಮುಗಿದು ಕೂತರು. ಹೂ ಅಲುಗಲಿಲ್ಲ. ಊದುಬತ್ತಿ ಉರಿದು ಬೂದಿಯಾಯಿತು. ಇನ್ನೊಂದು ಹಚ್ಚಿದರು. ಹೊರಗೆ ಚೆನ್ನಯ್ಯ ಅತ್ತಿಂದಿತ್ತ ನಡೆಯುವ ಚಪ್ಪಲಿಯ ಸದ್ದು. ಬಸ್ಸಿಗೆ ಎರಡು ಮೈಲಿ ನಡೆಯಬೇಕು. ಹೊನ್ನಕ್ಕನ ಕಣ್ಣು ಹೂವಿನ ಮೇಲೆ, ಕಿವಿ ಚಪ್ಪಲಿಯ ಮೇಲೆ. ಎಡಕ್ಕೆ ಮಾತ್ರ ಬೀಳಬೇಡ ತಾಯಿ ಎಂದು ಬೇಡಿಕೊಂಡಳು.

ಹೂ ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ.

"ಅಮ್ಮ ಮಾತಾಡ್ತಾ ಇಲ್ಲ," ಬೈರಯ್ಯ ಮೆಲ್ಲಗೆ ಹೇಳಿದ. "ಕಾಯ್ಬೇಕು."

"ಬಸ್ಸು ಕಾಯಾಕಿಲ್ಲ ಭಾವ. ಮಕ್ಳಿಗೆ ಜ್ವರ ಬಂದಾಗ ಕುಂಕುಮಕ್ಕೆ ಅಂತ ಪೆಟ್ಟಿಗೆ ಬಿಚ್ಚಿಲ್ವಾ ನೀನು?"

"ಅದು ಜೀವದ ಪ್ರಶ್ನೆ."

"ಇದೂ ನನ್ನ ಮಗಳ ಜೀವನದ ಪ್ರಶ್ನೆಯೇಯ. ಅಮ್ಮ ಬ್ಯಾಡ ಅಂದಿಲ್ಲ. ನಿಂಗೆ ಬಿಟ್ಟೀನಿ, ನೀನೇ ನೋಡ್ಕೊ ಅಂದವ್ಳೆ."

ಹೊನ್ನಕ್ಕ ಮುಂದಕ್ಕೆ ಸರಿದು ಪೆಟ್ಟಿಗೆಗೆ ಹಣೆ ಹಚ್ಚಿದಳು. ಕೈಯಿಂದ ದಾರ ಹರಿಯಲಿಲ್ಲ. ಹಲ್ಲಿನಿಂದ ಕಚ್ಚಿ ಹರಿದಳು. ಬೈರಯ್ಯ ಕಣ್ಣು ಮುಚ್ಚಿಕೊಂಡ, ಆದರೆ ತಡೆಯಲಿಲ್ಲ. ಬಾಡಿದ ಹೂವಿನ ಅಡಿಯಲ್ಲಿ ಕಾರ್ಡು ಇತ್ತು. ಒಂದು ಮೂಲೆಗೆ ಅರಿಸಿನ ಹತ್ತಿತ್ತು.

ಬಸ್ಸೇನೋ ಸಿಕ್ಕಿತು. ಹೊಳೆನರಸೀಪುರದ ಕಚೇರಿಯಲ್ಲಿ ತಾಲ್ಲೂಕಿನ ಸಾಹೇಬರಾದ ಅಮಲ್ದಾರರು ಸಿಕ್ಕಲಿಲ್ಲ. ಹಳ್ಳಿಗಳ ಕ್ಯಾಂಪಿಗೆ ಹೋಗಿದ್ದರು. ಜಾತಿಯ ಪತ್ರಕ್ಕೂ ಆದಾಯದ ಪತ್ರಕ್ಕೂ ಅವರ ರುಜು ಬೇಕು. ಶಾನುಭೋಗರ ವರದಿ ಬರೆಸಿಕೊಂಡು, ಹೈಸ್ಕೂಲಿನ ಹೆಡ್‌ಮಾಸ್ತರರ ಹತ್ತಿರ ನಕಲಿಗೆ ಮೊಹರು ಹಾಕಿಸಿಕೊಂಡು, ತಾಯಿ ಮಗಳು ಶುಕ್ರವಾರವೂ ಕಚೇರಿಯ ಹುಣಸೆಮರದ ಕೆಳಗೆ ಕೂತರು. ಜೀಪಿನ ಸದ್ದು ಕೇಳಿದಾಗಲೆಲ್ಲ ಎದ್ದರು, ಕೂತರು. ಹೊತ್ತು ಮುಳುಗುವ ಮುಂಚೆ ಅಮಲ್ದಾರರು ಬಂದರು. ಜೀಪಿನ ಬಾನೆಟ್ಟಿನ ಮೇಲೆಯೇ ಕಾಗದ ಇಟ್ಟು ರುಜು ಹಾಕಿದರು.

ಶನಿವಾರ ಚೆನ್ನಯ್ಯನ ಜೊತೆ ತಾಯಿ ಮಗಳು ಹಾಸನದ ಕಾಲೇಜಿಗೆ ಹೋದರು. ಗುಮಾಸ್ತರು ಒಂದೊಂದೇ ಹಾಳೆ ತಿರುವಿ ನೋಡಿದರು. ಹೊನ್ನಕ್ಕ ಅವರ ಹುಬ್ಬನ್ನೇ ನೋಡುತ್ತಿದ್ದಳು. ಹುಬ್ಬು ಗಂಟಾಯಿತು.

"ಪೋಷಕರ ರುಜು ಇಲ್ವಲ್ಲಮ್ಮ?"

ಚೆನ್ನಯ್ಯನ ಮುಖ ಬಿಳಿಚಿತು. ದ್ಯಾವಯ್ಯ ಊರಲ್ಲಿದ್ದ. ಗೋಡೆಯ ಗಡಿಯಾರದಲ್ಲಿ ಮೂರೂವರೆ.

"ಎತ್ತ ತಾಯಿ ನಾನಿವ್ನಿ ಸಾ. ನಂದು ಆಗಾಕಿಲ್ವಾ?" ಹೊನ್ನಕ್ಕ ಮುಂದೆ ಬಂದಳು.

ಗುಮಾಸ್ತರು ಶಾಯಿಯ ಡಬ್ಬಿ ಮುಂದಕ್ಕೆ ತಳ್ಳಿದರು. ನಾಟಿಯ ಕೆಸರಿಗೆ ಸೀಳಿದ್ದ ಹೆಬ್ಬೆರಳನ್ನು ಹೊನ್ನಕ್ಕ ಸೆರಗಿಗೆ ಎರಡು ಸಲ ಒರೆಸಿ ಒತ್ತಿದಳು. ಅರ್ಜಿ ತಲುಪಿದ್ದಕ್ಕೆ ಚೆನ್ನಯ್ಯ ಒಂದು ರಶೀದಿ ಕೇಳಿ ಬರೆಸಿಕೊಂಡ.

"ಇದೇನಮ್ಮ, ಕಾರ್ಡಿಗೆ ಅರಿಸಿನ?" ಗುಮಾಸ್ತರು ಮುದ್ದಮ್ಮನನ್ನು ಕೇಳಿದರು.

"ಪೂಜೆಗೆ ಇಟ್ಟಿದ್ರು ಸಾ," ಎಂದಳು ಅವಳು. ನಾಲ್ಕು ದಿನದಲ್ಲಿ ಮೊದಲ ಸಲ ನಕ್ಕಳು.

ಸೋಮವಾರ ಹನ್ನೊಂದು ಜನವೇ ಗದ್ದೆಗಿಳಿದರು. ಹೊನ್ನಕ್ಕ ಇಬ್ಬರ ಸಾಲು ಹಿಡಿದಳು. ಮಾತು ಕೊಟ್ಟ ತಪ್ಪಿಗೆ ದ್ಯಾವಯ್ಯ ಪೈರಿನ ಕಟ್ಟು ಹೊತ್ತು ತಂದು ಹಾಕಿದ. "ನೋಡ್ರೇ, ನಮ್ಮೋನು ಹನ್ನೆರಡನೇ ಹೆಣ್ಣಾಳು!" ಎಂದು ಹೊನ್ನಕ್ಕನೇ ಹಂಗಿಸಿದಳು. ಆದರೆ ಒಳಗಿನ ಅಳುಕು ಹೋಗಿರಲಿಲ್ಲ. ಕೇರಿಯಲ್ಲಿ ಯಾವ ಮಗು ಕೆಮ್ಮಿದರೂ ಅವಳು ಓಡಿಹೋಗಿ ಹಣೆ ಮುಟ್ಟಿ ನೋಡುತ್ತಿದ್ದಳು. ಕೆಮ್ಮಿದ ಮಕ್ಕಳು ಎರಡು ದಿನಕ್ಕೆ ಎದ್ದು ಆಡತೊಡಗಿದವು.

ಆಷಾಢದ ಅಮಾವಾಸ್ಯೆಯ ದಿನ ಅವಳು ಬೈರಯ್ಯನ ಮನೆಗೆ ಹೋಗಿ ಮಡಿಸಿದ ಕಾಗದವೊಂದನ್ನು ಪೆಟ್ಟಿಗೆಯ ಮುಂದೆ ಇಟ್ಟಳು.

"ಮತ್ತೆ ಅದೇ ಕಾರ್ಡಾ?" ಬೈರಯ್ಯ ಬೆಚ್ಚಿದ.

"ನಕಲು ಭಾವ. ಮುದ್ದೀನೇ ಬರ್ದವ್ಳೆ. ಅಸಲು ಟ್ರಂಕಿನಲ್ಲಿ ಐತೆ. ಅಮ್ಮಂಗೆ ಇದು ಆಯ್ತದೆ. ಆಪೀಸಿನೋರಿಗೆ ಅಸಲೇ ಬೇಕಂತೆ."

ಬೈರಯ್ಯ ನಕ್ಕು, ಹೊಸ ದಾರ ಕಟ್ಟಿದ.

ಹಣ ಕೂಡಲೇ ಬರಲಿಲ್ಲ. ಕಾರ್ತಿಕದ ಹೊತ್ತಿಗೆ ಬಂತು. ರಶೀದಿ ಇದ್ದುದರಿಂದ ಅಲ್ಲಿಯವರೆಗೆ ಹಾಸ್ಟೆಲಿನವರು ಊಟದ ದುಡ್ಡು ಕೇಳದೆ ತಡೆದುಕೊಂಡರು. ಅಟ್ಟದ ಮೇಲಿನ ಗಂಟು ಹಾಸನಕ್ಕೆ ಹೋಗಿತ್ತು.

ತಾಯಂದಿರೇ, ತಂದೆಯರೇ, ನಿಮ್ಮ ಮನೆಯಲ್ಲೂ ಪಾಸಾದ ಮಗನೋ ಮಗಳೋ ಇರಬಹುದು. ಹಣವಿಲ್ಲವೆಂದು ಓದು ನಿಲ್ಲಿಸುವ ಮೊದಲು ಕಾಲೇಜಿನ ಕಚೇರಿಗೆ ಒಮ್ಮೆ ಹೋಗಿ, ಯಾವ ವಿದ್ಯಾರ್ಥಿವೇತನವಿದೆ, ಕೊನೆಯ ದಿನ ಯಾವುದು ಎಂದು ಬಾಯಿಬಿಟ್ಟು ಕೇಳಿ. ತಾಲ್ಲೂಕು ಕಚೇರಿಯ ಪತ್ರಗಳಿಗೆ ಕೊನೆಯ ವಾರದವರೆಗೆ ಕಾಯಬೇಡಿ, ಸಾಹೇಬರು ಕ್ಯಾಂಪಿನಲ್ಲಿರಬಹುದು. ಓದು ಬಾರದಿದ್ದರೆ ಊರಿನ ಮೇಷ್ಟ್ರನ್ನು ಕೇಳಿ, ತುಂಬಿಕೊಡುತ್ತಾರೆ. ಕೊಟ್ಟ ಅರ್ಜಿಗೆ ರಶೀದಿ ಪಡೆಯಿರಿ. ಮುಂದಿನ ವರ್ಷಕ್ಕೆ ಮತ್ತೆ ಅರ್ಜಿ ಹಾಕಬೇಕೇ ಎಂದೂ ಆಗಲೇ ಕೇಳಿಕೊಂಡು ಬನ್ನಿ. ದೇವರಿಗೆ ಕೈ ಮುಗಿಯಿರಿ, ಹರಕೆಗೆ ನಕಲು ಇಡಿ.

ನಿಮ್ಮ ಮಗುವಿನ ಮಾರ್ಕ್ಸ್ ಕಾರ್ಡು ಈಗ ಎಲ್ಲಿದೆ? ಎದ್ದು ಹೋಗಿ ನೋಡಿ.