ಚಿಟ್ಟೆಬೇನೆಯ ಡಂಗುರ

ಏಳು ಕೆರೆಗಳ ನಡುವೆ ಒಂದು ಪಟ್ಟಣವಿತ್ತು. ಅಲ್ಲಿ ಯಾರಿಗೇ ಕಾಯಿಲೆಯಾಗಲಿ, ಮೊದಲು ಅರಮನೆಯ ರೋಗಪಟ್ಟಿಯಲ್ಲಿ ಹೆಸರು ಬರೆಸಬೇಕಿತ್ತು, ಮದ್ದು ಆಮೇಲೆ. ಪಟ್ಟಿಯಲ್ಲಿ ಅರವತ್ತನಾಲ್ಕು ರೋಗಗಳಿದ್ದವು. ಅರವತ್ತೈದನೆಯದು ಬರಲು ಯಾರಿಗೂ ಅಪ್ಪಣೆ ಇರಲಿಲ್ಲ.

ಆ ಪಟ್ಟಿಯನ್ನು ಬರೆಯುತ್ತಿದ್ದವನು ಕರಣಿಕ ತಮ್ಮರಸ. ಅವನಿಗೊಂದು ಚಾಳಿಯಿತ್ತು. ಉಳಿದ ಕರಣಿಕರು ಬರೆದು, ಮಡಚಿಟ್ಟು, ಮನೆಗೆ ಹೋಗುತ್ತಿದ್ದರು. ಇವನು ಬರೆದದ್ದನ್ನು ತಿರುಗಿ ಓದುತ್ತಿದ್ದ.

ಹಾಗೆ ಓದುವಾಗ ಒಂದು ಹೆಸರು ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಬಳೆಗಾರ್ತಿ ಚೆಲುವಮ್ಮ. ಮಾಘದಲ್ಲಿ ಅವಳು ಗಂಟುನೋವೆಂದು ಬಂದಿದ್ದಳು. ಚೈತ್ರದಲ್ಲಿ ಜ್ವರ, ವೈಶಾಖದಲ್ಲಿ ಮುಖದ ಮೇಲೆ ಕೆಂಪು, ಆಷಾಢದಲ್ಲಿ ಕೂದಲು ಉದುರುತ್ತದೆಂಬ ದೂರು. ಒಂದೊಂದಕ್ಕೂ ಬೇರೆ ವೈದ್ಯರು, ಎಲ್ಲರದೂ ಒಂದೇ ಷರಾ: ‘ವಿಶೇಷವೇನಿಲ್ಲ.’

ಇದೇನು ವಿಚಿತ್ರ ಎನ್ನಿಸಿತು ತಮ್ಮರಸನಿಗೆ. ಮುಂದಿನ ಸಲ ಅವಳು ಬಂದಾಗ ಕರೆದು ಕೂರಿಸಿದ. ಮೂವತ್ತರ ಹೆಂಗಸು. ಬಿಸಿಲಿಗೆ ಅಡ್ಡವಾಗಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದಳು. ಮೂಗಿನ ಮೇಲಿಂದ ಎರಡೂ ಕೆನ್ನೆಗೆ ಹಬ್ಬಿದ ಕೆಂಪು, ರೆಕ್ಕೆ ಬಿಚ್ಚಿ ಕೂತ ಚಿಟ್ಟೆಯ ಹಾಗೆ ಕಾಣುತ್ತಿತ್ತು.

“ಇವತ್ತು ಏನಮ್ಮ?”

“ಇವತ್ತು ಸುಸ್ತು ಅಂತ ಬರ್ಕೊಳ್ಳಿ ಸ್ವಾಮಿ. ನಾಳೆ ಏನೋ, ನನಗೂ ಗೊತ್ತಿಲ್ಲ.”

“ಸುಸ್ತು ಪಟ್ಟಿಯಲ್ಲಿಲ್ಲ.”

“ಹಂಗಾದ್ರೆ ಸೋಮಾರಿತನ ಅಂತ ಬರ್ಕೊಳ್ಳಿ. ಮನೇಲಿ ಎಲ್ರೂ ಹಂಗೇ ಅಂತಾರೆ.”

ತಮ್ಮರಸ ಲೇಖನಿ ಕೆಳಗಿಟ್ಟ. “ಇಷ್ಟೆಲ್ಲ ನಿನಗೊಬ್ಬಳಿಗೇ ಹೇಗೆ ಬಂತು?”

“ನನಗೊಬ್ಬಳಿಗೇ ಅಂತ ಯಾರು ಹೇಳಿದ್ರು? ಈ ಊರಿನ ಹೆಂಗಸರ ಕೈಯೆಲ್ಲ ಹಿಡಿದವಳು ನಾನು. ಹೋದ ತಿಂಗಳು ಸರಾಗವಾಗಿ ಏರಿದ ಬಳೆ ಈ ತಿಂಗಳು ಗೆಣ್ಣು ದಾಟಲ್ಲ. ತಲೆಯೆತ್ತಿ ನೋಡಿದ್ರೆ ಮುಖದಲ್ಲಿ ಇದೇ ಕೆಂಪು. ಅಂಥವರು ನನ್ನನ್ನೂ ಸೇರಿಸಿ ಹನ್ನೊಂದು ಜನ.”

ಅವಳು ಹೇಳಿದ ಹೆಸರುಗಳನ್ನು ತಮ್ಮರಸ ಹಳೆಯ ಪಟ್ಟಿಗಳಲ್ಲಿ ಹುಡುಕಿದ. ಹನ್ನೊಂದೂ ಸಿಕ್ಕವು. ಒಬ್ಬೊಬ್ಬರೂ ನಾಲ್ಕೈದು ರೋಗಗಳ ಕೆಳಗೆ ಹಂಚಿಹೋಗಿದ್ದರು. ಅವರಲ್ಲಿ ಕೆಂಚಮ್ಮ ಎಂಬವಳು ಮೈಯೆಲ್ಲ ಬಾತು, ಮೂತ್ರ ಕಟ್ಟಿ, ಹೋದ ವಾರವೇ ತೀರಿಕೊಂಡಿದ್ದಳು. ಅವಳ ಹೆಸರಿನ ಮುಂದೆಯೂ ‘ವಿಶೇಷವೇನಿಲ್ಲ’ ಎಂದೇ ಇತ್ತು. ಬರೆದ ಅಕ್ಷರ ತಮ್ಮರಸನದೇ.

ಮಾರನೆಯ ದಿನ ಊರಂಚಿನಲ್ಲಿದ್ದ ಮುದುಕಿ ವೈದ್ಯೆ ಅಕ್ಕಬ್ಬೆಯನ್ನು ಹುಡುಕಿಕೊಂಡು ಹೋದ. ಹಡಗು ಹತ್ತಿ ನಾಲ್ಕು ದೇಶ ಸುತ್ತಿ ಬಂದವಳು ಆಕೆ. ಅವನ ಮಾತು ಮುಗಿಯುವ ಮುಂಚೆಯೇ ತಲೆಯಾಡಿಸಿದಳು.

“ಹೊರನಾಡಿನಲ್ಲಿ ಇದಕ್ಕೆ ಲೂಪಸ್ ಅಂತಾರಪ್ಪ. ಮೈ ಕಾಯುವ ಕಾವಲಿನವರು ಕಳ್ಳನನ್ನು ಬಿಟ್ಟು ಮನೆಯವರನ್ನೇ ಹೊಡೆಯೋದು. ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಬುಡಸಮೇತ ಕೀಳೋಕಾಗಲ್ಲ. ಆದರೆ ಬೇಗ ಗುರುತಿಸಿ ಮದ್ದು ಕೊಟ್ಟರೆ ಹದ್ದುಬಸ್ತಿನಲ್ಲಿ ಇಡಬಹುದು.”

“ಹಾಗಾದರೆ ಆ ಮದ್ದು ಕೊಡಿ ಅವ್ವ.”

“ಮದ್ದು ಅರಮನೆಯ ಉಗ್ರಾಣದಲ್ಲಿದೆ. ಪಟ್ಟಿಯಲ್ಲಿಲ್ಲದ ರೋಗಕ್ಕೆ ಅದರ ಬಾಗಿಲು ತೆರೆಯಲ್ಲ.”

ಹೀಗಾಗಿ ತಮ್ಮರಸ ಅಕ್ಕಬ್ಬೆಯನ್ನೂ ಚೆಲುವಮ್ಮನನ್ನೂ ಕರೆದುಕೊಂಡು ಒಡ್ಡೋಲಗಕ್ಕೆ ಹೋದ. ಅರವತ್ತೈದನೆಯ ರೋಗವೊಂದಿದೆ, ಪಟ್ಟಿಗೆ ಸೇರಿಸಬೇಕು ಎಂದು ಬಿನ್ನವಿಸಿದ.

“ಎಷ್ಟು ಜನಕ್ಕಿದೆ?” ಎಂದು ಮಂತ್ರಿ ಕೇಳಿದ.

“ಪಟ್ಟಿಗೆ ಸೇರಿಸಿದರೆ ಎಣಿಸಬಹುದು, ಪ್ರಭು.”

“ಎಣಿಸಿಕೊಂಡು ಬಾ, ಸೇರಿಸೋಣ.”

ಸಭೆ ಮೆಚ್ಚಿ ನಕ್ಕಿತು. ಚೆಲುವಮ್ಮ ಕಂಬದ ಮರೆಯಿಂದ ಮುಂದೆ ಬಂದಳು. “ಮಹಾಸ್ವಾಮಿ, ನಾವು ಹನ್ನೊಂದು ಜನ ಇದ್ದೆವು. ಈಗ ಹತ್ತು. ಇನ್ನೊಂದು ಸ್ವಲ್ಪ ದಿನ ತಡೆದರೆ ಎಣಿಸೋದು ಇನ್ನೂ ಸುಲಭ ಆಗುತ್ತೆ.”

ಅರಸ ಮುಂದೆ ಬಾಗಿ ಅವಳ ಮುಖದ ಮೇಲಿನ ಕೆಂಪು ಚಿಟ್ಟೆಯನ್ನು ನೋಡಿದ. ಆಮೇಲೆ ಅಪ್ಪಣೆಯಾಯಿತು: ಅರವತ್ತೈದನೆಯ ರೋಗ, ಚಿಟ್ಟೆಬೇನೆ. ಜನಕ್ಕೆ ತಿಳಿಯಲೆಂದು ಬೀದಿಬೀದಿಯಲ್ಲಿ ಡಂಗುರ.

ಡಂಗುರ ಸಾರಿದ ಮರುದಿನ ಬೆಳಿಗ್ಗೆ ವೈದ್ಯಶಾಲೆಯ ಮುಂದೆ ಇಪ್ಪತ್ತೆರಡು ಜನ ನಿಂತಿದ್ದರು. ತಿಂಗಳು ತುಂಬುವಾಗ ಮುನ್ನೂರ ಹನ್ನೆರಡಾದರು. ಹೆಚ್ಚಿನವರು ಹೆಂಗಸರು, ಅಲ್ಲೊಬ್ಬ ಇಲ್ಲೊಬ್ಬ ಗಂಡಸು. ‘ನನ್ನ ಸಂಕಟಕ್ಕೂ ಒಂದು ಹೆಸರಿದೆಯಂತೆ’ ಎಂದು ಕೆಲವರು ಸಾಲಿನಲ್ಲೇ ಅತ್ತರು. ಉಗ್ರಾಣದ ಮದ್ದು ಸಿಕ್ಕಿ ಚೆಲುವಮ್ಮನ ಬೆರಳುಗಳು ಪೂರ್ತಿಯಲ್ಲದಿದ್ದರೂ ಸಡಿಲವಾದವು. ತಮ್ಮರಸನ ಕೈ ಬರೆದು ಬರೆದು ಸೋತಿತು. ಆದರೂ ಅಷ್ಟು ಸಂತೋಷ ಅವನಿಗೆ ಹಿಂದೆಂದೂ ಆಗಿರಲಿಲ್ಲ.

ಮಂತ್ರಿಗೆ ಮಾತ್ರ ನಿದ್ದೆ ಹತ್ತಲಿಲ್ಲ. ಅವನು ಎರಡು ಪಟ್ಟಿಗಳನ್ನು ಹಿಡಿದುಕೊಂಡು ಒಡ್ಡೋಲಗದಲ್ಲಿ ಎದ್ದು ನಿಂತ.

“ಡಂಗುರಕ್ಕೆ ಮೊದಲು ಈ ಪಟ್ಟಣದಲ್ಲಿ ಒಬ್ಬನಿಗೂ ಚಿಟ್ಟೆಬೇನೆ ಇರಲಿಲ್ಲ. ಇದೋ ಪಟ್ಟಿ. ಡಂಗುರ ಸಾರಿ ಒಂದೇ ತಿಂಗಳಿಗೆ ಮುನ್ನೂರ ಹನ್ನೆರಡು. ರೋಗ ಹರಡುತ್ತಿರುವುದು ಡಂಗುರದಿಂದ!”

ಹಿರಿಯರು ಹೌದು ಹೌದೆಂದರು. “ಅಂಟುರೋಗವಲ್ಲ ಇದು” ಎಂದು ಅಕ್ಕಬ್ಬೆ ಕೂಗಿದಳು. “ಮೈಯಿಂದ ಅಂಟದಿರಬಹುದು, ಕಿವಿಯಿಂದ ಅಂಟುತ್ತದೆ” ಎಂದ ಮಂತ್ರಿ. ರೋಗವನ್ನು ಪಟ್ಟಿಯಿಂದ ತೆಗೆಯುವ ಮಾತೂ ಬಂತು. ಆದರೆ ಒಮ್ಮೆ ಬರೆದದ್ದನ್ನು ಅಳಿಸುವ ಪದ್ಧತಿ ಆ ಅರಮನೆಯಲ್ಲಿರಲಿಲ್ಲ. ಕೊನೆಗೆ ಚಿಟ್ಟೆಬೇನೆಯ ಲಕ್ಷಣಗಳ ಮಾತನ್ನು ಯಾರೂ ಆಡಕೂಡದೆಂದು ಅಪ್ಪಣೆಯಾಯಿತು.

ಮಂತ್ರಿ ತಮ್ಮರಸನನ್ನು ಕರೆದ. “ಆಜ್ಞೆ ನೀನೇ ಬರಿ. ನನಗೆ ಗೊತ್ತಿರಲಿಲ್ಲ ಅಂತ ನಾಳೆ ಯಾವನೂ ಹೇಳಬಾರದು. ಯಾವ ಮಾತು ಆಡಬಾರದು ಅನ್ನೋದು ಸ್ಪಷ್ಟವಾಗಿರಲಿ.”

ತಲೆ ತಗ್ಗಿಸಿ ನಿಂತಿದ್ದ ತಮ್ಮರಸ ಮೆಲ್ಲಗೆ ಕತ್ತೆತ್ತಿದ. “ಒಂದೊಂದಾಗಿ ಬರೆಯಲೇ, ಪ್ರಭು?”

“ಒಂದನ್ನೂ ಬಿಡಬೇಡ.”

“ಎಷ್ಟು ಸಲ ಸಾರಬೇಕು?”

“ಜನಕ್ಕೆ ಮರೆವು ಜಾಸ್ತಿ. ಪ್ರತಿ ವಾರ ಸಾರಲಿ.”

ತಮ್ಮರಸ ಮೂರು ದಿನ ಕೂತು ಬರೆದ. ಏನಾದರೂ ಬಿಟ್ಟುಹೋಗಿದೆಯೇ ಎಂದು ಅಕ್ಕಬ್ಬೆಗೂ ಚೆಲುವಮ್ಮನಿಗೂ ಓದಿ ಹೇಳಿದ. ಬಾಯಿಹುಣ್ಣು ಬಿಟ್ಟುಹೋಗಿತ್ತು, ತಣ್ಣೀರು ಮುಟ್ಟಿದರೆ ಬೆರಳು ಬೆಳ್ಳಗಾಗುವುದೂ ಬಿಟ್ಟುಹೋಗಿತ್ತು. ಎರಡನ್ನೂ ಸೇರಿಸಿ ಮುದ್ರೆ ಹಾಕಿಸಿದ.

ಸೋಮವಾರ ನೇಕಾರರ ಬೀದಿಯಲ್ಲಿ ಡಂಗುರ ಮೊಳಗಿತು. ಹಿಂದೆ ತಮ್ಮರಸನೂ ಇದ್ದ.

“ಕೇಳ್ರಪ್ಪೋ ಕೇಳಿ! ಮೂಗಿನ ಆಚೀಚೆ ಚಿಟ್ಟೆಯ ಹಾಗೆ ಕೆಂಪಾಗುತ್ತದೆ ಎಂದು ಯಾರೂ ಹೇಳಕೂಡದು! ಬಿಸಿಲಿಗೆ ಹೋದರೆ ಅದು ಹೆಚ್ಚುತ್ತದೆ ಎಂದು ಹೇಳಕೂಡದು! ಗಂಟು ಬಾತು, ಕಾರಣವಿಲ್ಲದೆ ಜ್ವರ ಬಂದು, ಎದ್ದೇಳಲಾರದ ಸುಸ್ತಾದರೆ ಅದು ಸೋಮಾರಿತನವಲ್ಲ ಎಂದು ಯಾರೂ ಹೇಳಕೂಡದು! ಇಂಥವರು ತಡಮಾಡದೆ ಪೂರ್ವದ ಬಾಗಿಲಿನ ವೈದ್ಯಶಾಲೆಗೆ ಹೋಗಿ ಹೆಸರು ಬರೆಸಬೇಕೆಂದು ಯಾರೂ ಯಾರಿಗೂ ತಿಳಿಸಕೂಡದು!”

ಮಗ್ಗಗಳು ಒಂದೊಂದಾಗಿ ಸದ್ದು ನಿಲ್ಲಿಸಿದವು. ಒಬ್ಬ ನೇಕಾರ ಮಗಳ ಕೈಹಿಡಿದು ಹೊಸಿಲು ದಾಟಿ ಬಂದ. ಅವಳ ಮುಖವನ್ನೊಮ್ಮೆ ನೋಡಿ, ಡಂಗುರದವನನ್ನು ಕೇಳಿದ: “ಅಣ್ಣಾ, ಆ ವೈದ್ಯಶಾಲೆಗೆ ಯಾವ ಕಡೆ ಹೋಗಬೇಕು?”

“ಅದನ್ನ ಹೇಳಬಾರದು ಅಂತ ಆಜ್ಞೆ ಆಗಿದೆಯಪ್ಪ” ಎನ್ನುತ್ತ ಅವನು ಡಂಗುರದ ಕೋಲನ್ನು ಮೂಡಣಕ್ಕೆ ಚಾಚಿ ತೋರಿಸಿದ.